ಕಂಚುಗಾರಗೇರಿಯ ಗುಳುಗುಳುಕೋಳಿಗಳು

ಬಹಳ ಹಿಂದೆ, ರಾಜರೂ ಮಂತ್ರವಾದಿಗಳೂ ಒಂದೇ ಸಂತೆಯಲ್ಲಿ ಭುಜ ತಾಗಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ಹೊನ್ನಾವಳಿ ಎಂಬ ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ ಕಂಚುಗಾರಗೇರಿ ಎಂಬ ಬೀದಿ. ಅಲ್ಲಿಯವರೆಲ್ಲ ಕಂಚು ಹಿತ್ತಾಳೆಯ ಪಾತ್ರೆ ಮಾಡುವವರು. ಬೆಳಗಾದರೆ ಸಾಕು, ಹುಣಸೆಹಣ್ಣು ಹಾಕಿ ಪಾತ್ರೆ ತಿಕ್ಕಿ, ಮುಖ ಕಾಣುವ ಹಾಗೆ ಹೊಳೆಸಿ, ಬಾಗಿಲ ಮುಂದೆ ಸಾಲಾಗಿ ಇಡುತ್ತಿದ್ದರು.

ಆ ಕೇರಿಯವರಷ್ಟು ಮರ್ಯಾದಸ್ಥರನ್ನು ಎಲ್ಲೂ ಕಾಣೆವು. ಅಂಗಳಕ್ಕೆ ಯಾರೇ ಬರಲಿ, ಒಂದು ಹಿಡಿ ನವಣೆ ಕೊಟ್ಟು, ತಲೆ ಬಗ್ಗಿಸಿ, ಮೂರು ಹೆಜ್ಜೆ ಹಿಂದೆ ಸರಿಯಬೇಕು. ಭಿಕ್ಷುಕ ಬಂದರೂ ಅಷ್ಟೇ, ರಾಜ ಬಂದರೂ ಅಷ್ಟೇ. ಒಳ್ಳೆಯ ಪದ್ಧತಿಯೇ, ನಾನೇನು ಬೇಡ ಅನ್ನುವುದಿಲ್ಲ. ಆದರೆ ಬಂದದ್ದು ಎಂಥದ್ದು ಅಂತ ಒಂದು ಸಲ ಕಣ್ಣುಬಿಟ್ಟು ನೋಡಬಾರದೇ?

ಒಂದು ಬೆಳಿಗ್ಗೆ ಕಾಡಿನಿಂದ ಒಂದು ಹಕ್ಕಿ ಬಂತು. ನವಿಲಿನ ಹಾಗೆ ಬಾಲ ಬಿಚ್ಚುತ್ತಿತ್ತು, ಆದರೆ ನವಿಲಲ್ಲ. ತಲೆ ಬೋಳು, ಅದರ ಬಣ್ಣ ನೀಲಿ, ಕೊಕ್ಕಿನ ಮೇಲಿಂದ ಕೆಂಪು ತೊಗಲು ಜೋತಾಡುತ್ತಿತ್ತು. ಈಗ ನಾವು ಟರ್ಕಿ ಕೋಳಿ ಅನ್ನುತ್ತೇವಲ್ಲ, ಅದೇ ಜಾತಿ. ಕೂಗು ಕೇಳಿ ಆ ಕೇರಿಯವರು ಗುಳುಗುಳುಕೋಳಿ ಅಂದರು. ಕೇರಿಯ ತುದಿಮನೆಯ ಬಾಳಮ್ಮಜ್ಜಿ "ಪಾಪ, ದೂರದಿಂದ ಬಂದಿದೆ" ಅಂತ ಒಂದು ಹಿಡಿ ನವಣೆ ಚೆಲ್ಲಿ, ತಲೆ ಬಗ್ಗಿಸಿ, ಮೂರು ಹೆಜ್ಜೆ ಹಿಂದೆ ಸರಿದಳು.

ಮಾರನೆಯ ದಿನ ಅದು ನೆಂಟರನ್ನೂ ಕರೆದುಕೊಂಡು ಬಂತು. ಆಮೇಲೆ ಕೇಳಬೇಕೇ! ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿ. ಹೆಂಚಿನ ಮೇಲೆ ಕೂತು ಹೆಂಚು ಒಡೆದವು. ಹಿತ್ತಲ ಸೊಪ್ಪಿನ ಮಡಿ ಕೆದರಿದವು. ಹೊಳೆಯುವ ಪಾತ್ರೆಯಲ್ಲಿ ತಮ್ಮದೇ ಮುಖ ಕಂಡು, ಬೇರೆ ಹುಂಜ ಬಂದಿದೆ ಅಂತ ದಿನವಿಡೀ ಠಣ ಠಣ ಕುಕ್ಕಿದವು. ಬಾವಿಗೆ ಹೋಗುವ ಹೆಂಗಸರ ಎದುರು ಗರಿ ಕೆದರಿ ನಿಂತವು. ಹೆಂಗಸರು ಏನು ಮಾಡಿದರು? ಹೆದರಿ, ಪದ್ಧತಿಯಂತೆಯೇ ಹಿಂದೆ ಸರಿದರು.

ಅಲ್ಲೇ ಎಡವಟ್ಟಾದದ್ದು. ಆ ಕೋಳಿಗಳನ್ನು ಕಳಿಸಿದವನು ಜಂಭಾಲ ಎಂಬ ಮಾಯಾವಿ. ಅವನ ಮಾಯೆ ಹೀಗಿತ್ತು: ಕೋಳಿಗೆ ಹೆದರಿ ಯಾರು ಹಿಂದೆ ಸರಿಯುತ್ತಾರೋ ಅವರ ಮೈಯಲ್ಲಿ ಗರಿ ಹುಟ್ಟುತ್ತದೆ. ಮೊದಲು ಮೊಣಕೈ, ಆಮೇಲೆ ಭುಜ, ಆಮೇಲೆ ಕುತ್ತಿಗೆ. ಗಂಟಲಿಗೆ ಗರಿ ಮುಟ್ಟಿತೋ, ಮಾತು ಹೋಗಿ ಗುಳುಗುಳು ಮಾತ್ರ ಉಳಿಯುತ್ತದೆ. ಕೇರಿಯ ಯಜಮಾನ ನೀಲಕಂಠಾಚಾರಿಯ ಮಗ ವಿರೂಪ ಊಟಕ್ಕೆ ಕೂತವನು ಹಾಗೇ ಪೂರ್ತಿ ಕೋಳಿಯಾಗಿ ಹಾರಿ ಸೂರಿನ ಮೇಲೆ ಕೂತ. ಅವನ ಹೆಂಡತಿ ಕೆಳಗೆ ನಿಂತು "ಇಳಿದು ಬನ್ನಿ, ಸಾರು ಆರುತ್ತೆ" ಅಂತ ಕರೆದೇ ಕರೆದಳು. ಅವನು ಕತ್ತು ಓರೆ ಮಾಡಿ ನೋಡಿದ, ಅಷ್ಟೇ.

ರಾಜ ಸೈನಿಕರನ್ನು ಕಳಿಸಿದ. ಕೋಳಿಗಳು ಒಟ್ಟಾಗಿ ಬಾಲ ಬಿಚ್ಚಿ ಬಂದದ್ದೇ ತಡ, ಮೀಸೆ ತಿರುವುತ್ತಾ ಬಂದವರು ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಅರ್ಧ ಜನ ಭರ್ಜಿ ಬಿಸಾಕಿ ಓಡಿದರು, ಇನ್ನರ್ಧ ಜನ ಸೂರಿನ ಮೇಲೆ. ರಾಜ ಅರಮನೆಯ ಬಾಗಿಲು ಹಾಕಿಸಿಕೊಂಡ.

ಆ ಕೇರಿಯಲ್ಲಿ ಮೋನಮ್ಮ ಎಂಬ ಹುಡುಗಿಯಿದ್ದಳು. ಅವಳಿಗೆ ಇದ್ದವಳು ತಾಯಿ ಸಂಕಮ್ಮ ಒಬ್ಬಳೇ. ಸಂಕಮ್ಮ ಎಂದರೆ ಕರು ಎದುರು ಬಂದರೂ ದಾರಿ ಬಿಡುವ ಹೆಂಗಸು. ಒಬ್ಬರಿಗೂ ಏರುದನಿಯಲ್ಲಿ ಮಾತಾಡಿದವಳಲ್ಲ. ಮೋನಮ್ಮ ಅವಳನ್ನು ಹೊಸ್ತಿಲು ದಾಟಲು ಬಿಡದೆ ಕಾದಿದ್ದಳು. ಆದರೂ ಕಿಟಕಿಯಲ್ಲಿ ಕೋಳಿ ಇಣುಕಿದಾಗೆಲ್ಲ ಸಂಕಮ್ಮ ಒಳಗೇ ಹಿಂದೆ ಸರಿಯುತ್ತಿದ್ದಳು. ಮೊಣಕೈಯಲ್ಲಿದ್ದ ಗರಿ ಭುಜಕ್ಕೆ ಬಂತು. ದಿನಾ ಎದ್ದ ಕೂಡಲೇ ಮೋನಮ್ಮ, "ಅವ್ವಾ, ಮಾತಾಡು" ಅನ್ನುತ್ತಿದ್ದಳು. "ಇದೀನಿ ಕಣವ್ವ" ಅನ್ನುವ ದನಿ ಕೇಳುವ ತನಕ ಅವಳು ಒಲೆಯ ಕಡೆಗೂ ತಿರುಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆ ದನಿ ಗೊಗ್ಗರಾಗಿ ಬಂತು. ಗರಿ ಕುತ್ತಿಗೆ ಮುಟ್ಟಿತ್ತು. ಮೋನಮ್ಮ ಅವ್ವನನ್ನು ಒಳಕೋಣೆಯಲ್ಲಿ ಕೂರಿಸಿ, ಬಾಗಿಲು ಎಳೆದುಕೊಂಡು, ಕಾಡಿಗೆ ಓಡಿದಳು.

ಕಾಡಿನಲ್ಲಿ ಒಂದು ಮುದಿ ನರಿ ಬಿಸಿಲು ಕಾಯಿಸುತ್ತಾ ಮಲಗಿತ್ತು. ಆ ಕಾಲದ ನರಿ, ಮಾತಾಡುತ್ತಿತ್ತು.

"ನರಿಯಣ್ಣಾ, ಈ ಗುಳುಗುಳುಕೋಳಿಗಳನ್ನ ಓಡಿಸೋದು ಹೇಗೆ?" ಎಂದು ಮೋನಮ್ಮ ಕೇಳಿದಳು.

ನರಿ ನಕ್ಕಿತು. "ಕಾಡಲ್ಲಿ ನನ್ನ ನೆರಳು ಕಂಡರೆ ಸಾಕು, ಆ ಕೋಳಿಗಳು ಎದ್ದೆನೋ ಬಿದ್ದೆನೋ ಅಂತ ಓಡ್ತವೆ. ನಿಮ್ಮ ಕೇರಿಗೆ ಬಂದ ಮೇಲೆ ಅವಕ್ಕೆ ಸಿಂಹಾಸನ ಸಿಕ್ಕಿತು. ಕೊಟ್ಟವರು ಯಾರು ತಂಗೀ? ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅಂತ ನಿಮ್ಮವರೇ ಅಂತಾರಪ್ಪ!"

"ಬೈಯೋದು ಆಮೇಲೆ ಬೈಯಣ್ಣ. ನಮ್ಮವ್ವನ ಕುತ್ತಿಗೆಗೆ ಗರಿ ಬಂದಿದೆ."

ನರಿ ನಗು ನಿಲ್ಲಿಸಿ ಎದ್ದು ಕೂತಿತು. "ಹಾಗಾದರೆ ಕೇರಿಯೆಲ್ಲ ಬಗ್ಗಿತು ಅಂತ, ಅವನ್ನ ಕಳಿಸಿದ ಮಾಯಾವಿ ಜಂಭಾಲ ಇವತ್ತೇ ಬರ್ತಾನೆ. ಅವನ ಮಾಯೆಗೆ ಮೂರು ಗಂಟು. ಒಂದು ಕಾಳಿನದು, ಒಂದು ಹೊಳಪಿನದು, ಒಂದು ಹೆಜ್ಜೆಯದು. ಮೊದಲಿನ ಎರಡನ್ನ ನೀನು ಬಿಚ್ಚಿಸಬಹುದು. ಮೂರನೆಯದನ್ನ ಕೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರೋ ಅವರೇ ಬಿಚ್ಚಬೇಕು. ಅವರ ಬದಲಿಗೆ ನೀನು ನಿಂತರೆ ಆಗಲ್ಲ."

ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರು ಅಂತ ಮೋನಮ್ಮನಿಗೆ ಬೇರೆ ಹೇಳಬೇಕೇ? ಬಂದ ದಾರಿಯಲ್ಲೇ ತಿರುಗಿ ಓಡಿದಳು.

ಕೇರಿಗೆ ಬಂದವಳೇ ಬಾಳಮ್ಮಜ್ಜಿಯ ಮನೆಗೆ ಹೋದಳು. ಅಜ್ಜಿ ಮೊರದ ತುಂಬ ನವಣೆ ಹಿಡಿದು ನಿಂತಿದ್ದಳು.

"ಅಜ್ಜೀ, ಕಾಳು ಹಾಕಬೇಡ."

"ಅಯ್ಯೋ ಪಾಪಿ! ಹಸಿದು ಬಂದದ್ದಕ್ಕೆ ಇಲ್ಲ ಅನ್ನಲಾ? ನನ್ನ ಜನ್ಮದಲ್ಲಿ ಅಂದಿಲ್ಲ."

"ಹಸಿವಾ? ನೋಡಜ್ಜೀ ಅವುಗಳ ಹೊಟ್ಟೆ! ಹಾರೋಕೇ ಆಗ್ತಿಲ್ಲ. ಕಾಡಲ್ಲಿ ಹುಳ ಇದೆ, ಹಣ್ಣಿದೆ. ನೀನು ಹಾಕೋ ಒಂದೊಂದು ಹಿಡಿಗೂ ನಮ್ಮವ್ವನ ಮೈಮೇಲೆ ಗರಿ ಏರ್ತಿದೆ."

ಅಜ್ಜಿ ಮೊರವನ್ನು ಎದೆಗೆ ಒತ್ತಿ ಹಿಡಿದಳು. ಕೋಳಿಗಳು ಅವಳ ಸೀರೆ ಹಿಡಿದು ಎಳೆದವು, ಕಾಲು ಕುಕ್ಕಿದವು. ಕಾಲಿನಿಂದ ರಕ್ತ ಬಂದಾಗ ಅಜ್ಜಿ ಅಳುತ್ತಾ ಒಳಗೆ ಹೋಗಿ, ನವಣೆಯನ್ನು ಮಡಕೆಗೆ ಸುರಿದು, ಮುಚ್ಚಳ ಹಾಕಿ, ಅದರ ಮೇಲೆ ತಾನೇ ಕೂತುಬಿಟ್ಟಳು. ಬೇರೆ ಮನೆಗಳವರೂ ಅದನ್ನು ನೋಡಿ ಕೈ ಬಿಗಿಹಿಡಿದರು. ಕಾಳು ನಿಂತ ಕೂಡಲೇ ಕಾಡಿನ ಕೋಳಿಗಳು ಗೊಣಗುತ್ತಾ ಕಾಡಿಗೆ ಹೊರಟವು. ಮೊದಲು ಮನುಷ್ಯರಾಗಿದ್ದವು ಮಾತ್ರ ಉಳಿದವು. ಮೊದಲನೆಯ ಗಂಟು ಬಿಚ್ಚಿತು.

ಆಮೇಲೆ ಯಜಮಾನ ನೀಲಕಂಠಾಚಾರಿಯ ಮನೆ.

"ದೊಡ್ಡಪ್ಪಾ, ಪಾತ್ರೆಗಳಿಗೆಲ್ಲ ಮಸಿ ಬಳೀಬೇಕು."

"ಏನಂದೆ?" ಯಜಮಾನರ ಕಣ್ಣು ಕೆಂಪಾಯಿತು. "ಕಂಚುಗಾರಗೇರಿಯಲ್ಲಿ ಮಸಿ ಬಳಿದ ಪಾತ್ರೆ! ಅದಕ್ಕಿಂತ ನನ್ನ ಮುಖಕ್ಕೇ ಬಳಿ. ಹೋಗು ಹೋಗು, ತಲೆಹರಟೆ."

ಅಷ್ಟರಲ್ಲಿ ಹೊರಗೆ ಠಣ್ ಅಂತ ಸದ್ದಾಯಿತು. ಅವರದೇ ದೊಡ್ಡ ಕೊಪ್ಪರಿಗೆಯ ಮುಂದೆ ಒಂದು ಹುಂಜ ತನ್ನದೇ ಪ್ರತಿಬಿಂಬದೊಂದಿಗೆ ಕಾದಾಡುತ್ತಿತ್ತು. ಕೊಕ್ಕು ಸೀಳಿ, ನೀಲಿ ತಲೆಯೆಲ್ಲ ರಕ್ತ. ಆದರೂ ಬಿಡುತ್ತಿಲ್ಲ, ಮತ್ತೆ ಮತ್ತೆ ಹೋಗಿ ಹೊಡೆದುಕೊಳ್ಳುತ್ತಿದೆ. ಎಡಗಣ್ಣಿನ ಮೇಲೆ ಹಳೆಯ ಸುಟ್ಟ ಗಾಯ. ಕುಲುಮೆಯ ಕಿಡಿ ಹಾರಿ ಆದ ಆ ಗಾಯ ಇದ್ದದ್ದು ವಿರೂಪನಿಗೆ.

"ಮಗಾ!" ಎಂದು ಯಜಮಾನರು ಕೂಗಿದ ಕೂಗಿಗೆ ಕೇರಿಯೇ ಹೊರಗೆ ಬಂತು. ಅವರು ಕುಲುಮೆಯಿಂದ ಮಸಿ ಬಾಚಿ ತಂದು, ಎರಡೂ ಕೈಯಿಂದ ಕೊಪ್ಪರಿಗೆಗೆ ಬಳಿದರು. ಬಳಿಯುತ್ತಾ ಬಿಕ್ಕಿ ಬಿಕ್ಕಿ ಅತ್ತರು. ಯಜಮಾನರೇ ಬಳಿದ ಮೇಲೆ ಇನ್ನೇನು, ಕೇರಿಯ ಪಾತ್ರೆಗಳೆಲ್ಲ ಕಪ್ಪಾದವು. ಹುಂಜಕ್ಕೆ ಎದುರಾಳಿ ಕಾಣಲಿಲ್ಲ. ಸುಸ್ತಾಗಿ ಯಜಮಾನರ ಕಾಲ ಬಳಿ ಕುಸಿದು ಕೂತಿತು. ಎರಡನೆಯ ಗಂಟೂ ಬಿಚ್ಚಿತು.

ಮಧ್ಯಾಹ್ನದ ಬಿಸಿಲಿನಲ್ಲಿ ಜಂಭಾಲ ಬಂದ. ಹೋರಿಯಷ್ಟು ಎತ್ತರದ ಗುಳುಗುಳುಕೋಳಿಯ ರೂಪ. ಬಾಲ ಬಿಚ್ಚಿದರೆ ಬೀದಿಯ ಈ ಗೋಡೆಯಿಂದ ಆ ಗೋಡೆಯವರೆಗೆ. ಕೇರಿಯವರು ಬಾಗಿಲ ಸಂದಿಯಿಂದ ನೋಡಿದರು. ಅವನು ಯಾರ ಮನೆಯ ಕಡೆಗೂ ತಿರುಗಲಿಲ್ಲ. ನೇರ ಸಂಕಮ್ಮನ ಅಂಗಳಕ್ಕೆ ಬಂದು, "ಹೊರಗೆ ಬಾ" ಅಂದ.

ಸಂಕಮ್ಮ ಬಂದಳು. ಬಾ ಅಂದರೆ ಬರುವ ಹೆಂಗಸು, ಏನು ಮಾಡುವುದು! ಮೋನಮ್ಮ ಪಕ್ಕದಲ್ಲಿ ಪೊರಕೆ ಹಿಡಿದು ನಿಂತಳು. ನಡುವೆ ಹಾರಿಬಿಡೋಣ ಅನ್ನಿಸಿತು. ನರಿಯ ಮಾತು ನೆನಪಾಗಿ ಹಲ್ಲು ಕಚ್ಚಿಕೊಂಡಳು.

"ದಾರಿ ಬಿಡು" ಎಂದ ಜಂಭಾಲ.

ಸಂಕಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಗರಿ ಗದ್ದದ ಕೆಳಗೆ ಬಂತು.

"ಅವ್ವಾ, ಬೇಡ!"

"ದಾರಿ ಬಿಡು!"

ಸಂಕಮ್ಮ ಇನ್ನೊಂದು ಹೆಜ್ಜೆ ಹಿಂದೆ ಸರಿದಳು. ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಗುಳು ಗುಳು.

ಆ ಸದ್ದು ಕೇಳಿ ಮೋನಮ್ಮನಿಗೆ ನಿಂತ ನೆಲವೇ ಹೋದಂತಾಯಿತು. ಇಷ್ಟು ಹೊತ್ತು ಗಟ್ಟಿಯಾಗಿದ್ದ ಹುಡುಗಿ, ಜಂಭಾಲನ ಕೆಂಪು ತೊಗಲು ತನ್ನ ಕಡೆ ತೂಗಿದ್ದೇ, ತನಗೇ ಗೊತ್ತಿಲ್ಲದೆ ಹಿಂದಕ್ಕೆ ಕಾಲಿಟ್ಟಳು. ಅವಳ ಮೊಣಕೈಯಲ್ಲಿ ಒಂದು ಪುಟ್ಟ ಕಂದು ಗರಿ ಮೂಡಿತು.

ಸಂಕಮ್ಮ ಆ ಗರಿಯನ್ನು ನೋಡಿದಳು.

ಮಗಳ ಮುಂದೆ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮಗಳ ಕೈಯಿಂದ ಪೊರಕೆ ಕಿತ್ತುಕೊಂಡಳು. "ಹುಶ್!" ಅಂದಳು. ಅರ್ಧ ಮನುಷ್ಯರ ದನಿ, ಅರ್ಧ ಕೋಳಿಯ ದನಿ. ಒಂದು ಹೆಜ್ಜೆ ಮುಂದಿಟ್ಟಳು.

ಜಂಭಾಲ ಗರಿ ಕೆದರಿದ, ಕಾಲಿನಿಂದ ನೆಲ ಕೆರೆದ. ಆದರೂ ಹೋರಿಯಷ್ಟಿದ್ದವನು ಕರುವಿನಷ್ಟಾದ.

"ಹುಶ್! ಆಚೆ ಹೋಗು! ಯಾರ ಮನೆ ಅಂದುಕೊಂಡೆ ಇದನ್ನ?" ಮತ್ತೊಂದು ಹೆಜ್ಜೆ. ಪೊರಕೆ ನೆಲಕ್ಕೆ ಬಡಿಯಿತು. ಕರು ಹೋಗಿ ಸಾಧಾರಣ ಹುಂಜವಾಯಿತು. "ನನ್ನ ಮಗಳನ್ನ ಹೆದರಿಸ್ತೀಯಾ? ಎಷ್ಟೋ ಕೊಬ್ಬು ನಿನಗೆ!" ಮೂರನೆಯ ಹೆಜ್ಜೆ. ಹುಂಜ ಮರಿಯಾಯಿತು, ಮರಿ ಮೊಟ್ಟೆಯಷ್ಟಾಯಿತು, ಕೊನೆಗೆ ಬಿಸಿಲಿನ ಧೂಳಿನಲ್ಲಿ ಏನೂ ಉಳಿಯಲಿಲ್ಲ. ಆದರೂ ಸಂಕಮ್ಮ ಆ ಧೂಳನ್ನು ಸುಮಾರು ಹೊತ್ತು ಬಡಿಯುತ್ತಲೇ ಇದ್ದಳು.

ಸೂರುಗಳ ಮೇಲೆ ಗದ್ದಲವಾಯಿತು. ಸೈನಿಕರೂ ಮಿಕ್ಕವರೂ ಮನುಷ್ಯರಾಗಿ, ಇಳಿಯಲು ಏಣಿ ಕೇಳಿದರು. ಅಪ್ಪನ ಕಾಲ ಬಳಿ ಕುಸಿದಿದ್ದ ವಿರೂಪನೂ ಮನುಷ್ಯನಾಗಿ ಎದ್ದು ಕೂತ. ವಿರೂಪನ ಹೆಂಡತಿ ಸಾರು ಬಿಸಿಮಾಡಲು ಓಡಿದಳು. ರಾಜ ಬಾಗಿಲು ತೆಗೆಸಿ ಬಂದು, ಕೇರಿಯ ಹೆಂಚೆಲ್ಲ ಹೊಸದು ಹಾಕಿಸಿಕೊಟ್ಟ. ಅಂದಿನಿಂದ ಆ ಕೇರಿಗೆ ಬಂದ ನೆಂಟರಿಗೆ ಕೊರತೆಯಿಲ್ಲ, ಕಾಡಿನ ಕೋಳಿಗೆ ಕಾಳಿಲ್ಲ. ಕೋಳಿಗಳು ಕಾಡಿನಲ್ಲಿ ಸುಖವಾಗಿದ್ದವು, ಜನ ಊರಿನಲ್ಲಿ ಸುಖವಾಗಿದ್ದರು.

ಅವತ್ತು ಸಂಜೆ ತಾಯಿ ಮಗಳು ಜಗಲಿಯ ಮೇಲೆ ಕೂತಿದ್ದರು. ಸಂಕಮ್ಮ ಪೊರಕೆಯನ್ನು ಇನ್ನೂ ಕೈಯಿಂದ ಬಿಟ್ಟಿರಲಿಲ್ಲ. ನೀರಿನ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಮೋನಮ್ಮ ತಾನೇ ಕುಡಿಸಿದಳು.

"ಅವ್ವಾ, ನಿನಗೆ ಭಯ ಆಗಲಿಲ್ವಾ?"

"ಆಗದೇ ಇರುತ್ತಾ? ಈಗಲೂ ಆಗ್ತಿದೆ."

"ಮತ್ತೆ ಹೇಗೆ ಹಿಂದೆ ಸರೀದೆ ನಿಂತೆ?"

ಸಂಕಮ್ಮ ಮಗಳ ಮೊಣಕೈ ಸವರಿ ನೋಡಿದಳು. ಗರಿ ಇರಲಿಲ್ಲ.

"ಹಿಂದೆ ನೀನಿದ್ದೆಯಲ್ಲೇ," ಎಂದಳು. "ಸರಿಯೋಕೆ ಜಾಗ ಎಲ್ಲಿತ್ತು?"