ಸುಮಾ ಆರಿಸಿದ ಡಬ್ಬಿ

ಗಂಡನ ತಿಥಿ ಮುಗಿದ ಸಂಜೆ ಅತ್ತೆ ಬೋರಕ್ಕ ಸುಮಾಳ ಕಾಸಿನ ಸರವನ್ನು ತೆಗೆದುಕೊಂಡು ಹೋಗಿ ತನ್ನ ಟ್ರಂಕಿನಲ್ಲಿಟ್ಟಳು. ಬಯ್ಯಲಿಲ್ಲ, ಕಿತ್ತುಕೊಳ್ಳಲಿಲ್ಲ. ತೊಳೆದ ಪಾತ್ರೆಯನ್ನು ಜಾಗಕ್ಕೆ ಸೇರಿಸುವ ಹಾಗೆ ಇಟ್ಟಳು.

"ನೀನಿನ್ನು ಇದನ್ನ ಎಲ್ಲಿಗೆ ಹಾಕ್ಕಂಡ್ ಹೋಗ್ತೀಯವ್ವ. ನಾಗಶ್ರೀ ಮದ್ವೆಗೆ ಆಗ್ತತೆ," ಎಂದಳು.

ಸುಮಾ ಹೂಂ ಅಂದಳು. ಆ ದಿನಗಳಲ್ಲಿ ಅವಳು ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು.

ಆ ಸರ ಗಂಡ ಕನಕರಾಜ್ ಕೊಡಿಸಿದ್ದಲ್ಲ. ಭರಮಸಾಗರದ ಅವಳ ಅವ್ವ ಧಾರೆಯ ದಿನ ತನ್ನ ಕೊರಳಿನಿಂದ ಬಿಚ್ಚಿ ಮಗಳಿಗೆ ಹಾಕಿದ್ದು. ಅವ್ವ ಈಗಿಲ್ಲ. ತವರು ಅಂತ ಉಳಿದಿರುವುದು ಆ ಸರ ಮಾತ್ರ. ಇದೆಲ್ಲ ಅವಳಿಗೆ ತಿಂಗಳುಗಳ ಮೇಲೆ, ಮರಗಟ್ಟಿದ ಕಾಲಿಗೆ ಜೀವ ಬರುವಂತೆ ಮೆಲ್ಲಗೆ ತಿಳಿಯಿತು. ಒಮ್ಮೆ ಕೇಳಿದಳು. ಬೋರಕ್ಕ ಮುಖ ಸಣ್ಣದು ಮಾಡಿ, "ನೀನೇ ಕೊಟ್ಟಿದ್ದೀಯ ಅಂದ್ಕಂಡಿದ್ದೆ," ಎಂದಳು. ಎರಡನೆಯ ಸಲ ಕೇಳುವುದು ಸುಮಾಳಿಂದ ಆಗಲಿಲ್ಲ. ಅಷ್ಟರಲ್ಲಿ ನಾದಿನಿ ನಾಗಶ್ರೀಗೆ ಹೊಸದುರ್ಗದ ಗಂಡು ಗೊತ್ತಾಯಿತು. ಹಳೇ ಮಾದರಿ ಯಾರು ಹಾಕುತ್ತಾರೆ, ಕರಗಿಸಿ ಹೊಸದು ಮಾಡಿಸೋಣ ಎಂದು ತಾಯಿ ಮಗಳು ಮಾತಾಡಿಕೊಂಡಿದ್ದು ಅಡುಗೆಮನೆಗೆ ಕೇಳಿಸಿತು. ಕರಗಿದ ಮೇಲೆ ಅದು ಅವ್ವನ ಸರವಾಗಿರುವುದಿಲ್ಲ.

ಅದನ್ನು ಮರಳಿ ಪಡೆಯುವ ದಾರಿಯನ್ನು ತೋರಿಸಿಕೊಟ್ಟವಳು ಬೋರಕ್ಕನೇ.

ಹಿರಿಯೂರಿನ ಅಂಚಿನಲ್ಲಿ, ಹೆದ್ದಾರಿ ಪಕ್ಕದ ಹೊಸ ಬಡಾವಣೆಯಲ್ಲಿ ಅವರ ಮನೆ. ಬೋರಕ್ಕ ಬೆಳಿಗ್ಗೆ ಕುರಿಗಳನ್ನು ನೋಡಿಕೊಳ್ಳಲು ಆದಿವಾಲಕ್ಕೆ ಹೋಗುತ್ತಾಳೆ, ಸುಮಾ ಪಾಠ ಮಾಡಲು ಚಿತ್ರದುರ್ಗದ ಕಾಲೇಜಿಗೆ, ನಾಗಶ್ರೀ ಹೊಲಿಗೆ ಕ್ಲಾಸಿಗೆ. ನಡುವೆ ಅನುಸೂಯ ಬಂದು ಪಾತ್ರೆ ತೊಳೆದು ಹೋಗುತ್ತಾಳೆ. ಇಷ್ಟು ಜನಕ್ಕೂ ಒಂದೇ ಬೀಗದ ಕೈ; ಅದರ ಜಾಗ ಕರೆಂಟ್ ಮೀಟರಿನ ಮೇಲೆ. ಒಂದು ದಿನ ನಾಗಶ್ರೀ ಅದನ್ನು ಮರೆತು ಪರ್ಸಿನಲ್ಲಿ ಒಯ್ದಳು. ಬೋರಕ್ಕ ಮಧ್ಯಾಹ್ನದ ಬಿಸಿಲಲ್ಲಿ ಜಗಲಿ ಮೇಲೆ ಕೂತು ಕಾದಳು. ಸಂಜೆ ಸುಮಾಳನ್ನು ಕರೆದು, ಓದಿದವಳು ನೀನು, ಇದಕ್ಕೇನಾದರೂ ದಾರಿ ನೋಡು ಎಂದಳು.

ಸುಮಾ ನೋಡಿದಳು. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಿದಳು. ಮನೆಯ ಹೊರಗೋಡೆಗೆ ಕೂರಿಸಿ, ಒಳಗೆ ಬೀಗದ ಕೈ ಇಟ್ಟು, ನಂಬರ್ ಒತ್ತಿ ತೆಗೆಯುವ ಪುಟ್ಟ ಪೆಟ್ಟಿಗೆಗಳಿದ್ದವು. ಒಳ್ಳೆಯದು ಯಾವುದು ಎಂಬುದನ್ನು ಅವಳು ಪರೀಕ್ಷೆಗೆ ಓದಿದ ಹಾಗೆ ಕಲಿತಳು. ಮೈ ದಪ್ಪ ಲೋಹದ ಎರಕದ್ದಾಗಿರಬೇಕು. ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರಿನ ತುದಿ ಹೋಗಬಾರದು. ಗೋಡೆಗೆ ಬಿಗಿಯುವ ಮೊಳೆಗಳು ಪೆಟ್ಟಿಗೆಯ ಒಳಗಿಂದ ಬರಬೇಕು. ಗಾರೆಗಲ್ಲ, ಇಟ್ಟಿಗೆಗೆ ಕಚ್ಚಬೇಕು. ಬೀದಿಗೆ ಕಾಣದ ಕಡೆ ಇರಬೇಕು. ಅಗ್ಗದ ಪೆಟ್ಟಿಗೆಗಳಲ್ಲಿ ಅಂಕೆಗಳನ್ನು ಹಿಂದುಮುಂದಾಗಿ ಒತ್ತಿದರೂ ಮುಚ್ಚಳ ತೆರೆಯುತ್ತದೆ. ದಿನವೂ ಒತ್ತುವ ಗುಂಡಿಗಳು ಸವೆದು, ನೋಡಿದವರಿಗೇ ಗುಟ್ಟು ಹೇಳುತ್ತವೆ.

ಇಷ್ಟೂ ತಿಳಿದ ಮೇಲೆ ಅವಳು ಒಳ್ಳೆಯದರ ಗುಣ ಒಂದೂ ಇಲ್ಲದ್ದನ್ನು ಹುಡುಕಿ ತರಿಸಿದಳು.

ಯೋಜನೆಯ ಚೆಲುವು ಅಲ್ಲೇ ಇತ್ತು. ಗಟ್ಟಿ ಪೆಟ್ಟಿಗೆಯಾದರೆ ನಂಬರ್ ಗೊತ್ತಿದ್ದವರ ಮೇಲೆ ಮಾತ್ರ ಅನುಮಾನ. ಬಡಕಲು ಪೆಟ್ಟಿಗೆಯನ್ನು ರಸ್ತೆಗೆ ಕಾಣುವಂತೆ ಬಾಗಿಲ ಪಕ್ಕದಲ್ಲೇ ಹಾಕಿದರೆ, ಹೆದ್ದಾರಿಯಲ್ಲಿ ಹೋಗುವ ಯಾವನಾದರೂ ಕಳ್ಳನಾಗಬಹುದು. ಆ ಯಾವನಿಗೆ ಹೆಸರಿಲ್ಲ, ಮನೆ ಇಲ್ಲ, ಅವನಿಗಾಗಿ ಯಾರೂ ಅಳಬೇಕಾಗಿಲ್ಲ. ಪೆಟ್ಟಿಗೆ ಆರಿಸಿದವಳಿಗೆ ಬರುವುದು ಬೈಗುಳ ಮಾತ್ರ. ಬೈಗುಳಕ್ಕೆ ಅವಳು ತಯಾರಿದ್ದಳು.

ಪೆಟ್ಟಿಗೆ ಕೂರಿಸಿದ ದಿನ ಎದುರುಮನೆಯ ಕರಿಯಣ್ಣ ಬಂದು ಬೆರಳಿನಿಂದ ತಟ್ಟಿ ನೋಡಿದ. "ಏನಕ್ಕ, ಸೊಸೆ ಅಡಿಕೆಲೆ ಡಬ್ಬಿ ತಂದು ಗೋಡೆಗೆ ಹೊಡ್ಸವ್ಳಲ್ಲ," ಎಂದ.

"ನಿನ್ ಬಾಯಿಗೇ ಒಂದು ಇಂಥದ್ದು ಹೊಡಿಸ್ಬೇಕು ತಗ," ಎಂದಳು ಬೋರಕ್ಕ. ಆಮೇಲೆ ಸೊಸೆಯ ಕಡೆ ತಿರುಗಿ ಕೇಳಿದಳು: "ಗಟ್ಟಿ ಐತೇನವ್ವ?"

"ಐತೆ ಅತ್ತೆ."

ಬೋರಕ್ಕ ಮತ್ತೆ ಕೇಳಲಿಲ್ಲ. ಅಷ್ಟೇ ಅಲ್ಲ, ಆ ವಾರದಿಂದ ಟ್ರಂಕಿಗೆ ಬೀಗ ಹಾಕುವುದನ್ನೂ ಬಿಟ್ಟಳು. ಮನೆಗೇ ಅಂಥ ಗಟ್ಟಿ ಕಾವಲು ಇರುವಾಗ ಟ್ರಂಕಿಗೇಕೆ ಎಂದು ನಾಗಶ್ರೀಗೆ ಹೇಳುತ್ತಿದ್ದಳು. ಯೋಜನೆಯಲ್ಲಿ ಇಲ್ಲದಿದ್ದ ಈ ಅನುಕೂಲ ಸುಮಾಳನ್ನು ಒಂದೆರಡು ದಿನ ಊಟ ಸೇರದಂತೆ ಮಾಡಿತು. ನಂಬಿಕೆಯನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ದಿನ ತಾನಾಗಿ ಬಂತು. ರಾಮಗಿರಿಯಲ್ಲಿ ನೆಂಟರ ಮನೆ ಗೃಹಪ್ರವೇಶ. ಬೋರಕ್ಕ ಮಗಳನ್ನು ಕರೆದುಕೊಂಡು ಹೊರಟಳು. ನೀನೂ ಬಾ ಎಂದು ಸುಮಾಳನ್ನು ಕರೆಯಲಿಲ್ಲ. ಕರೆಯದಿರುವುದಕ್ಕೆ ಮುಜುಗರಪಟ್ಟು, ಬರುವಾಗ ಏನು ತರಲಿ ಎಂದು ಎರಡು ಸಲ ಕೇಳಿದಳು. ಅನುಸೂಯಳಿಗೂ ಅವತ್ತು ರಜೆ ಹೇಳಿಯಾಗಿತ್ತು. ಸುಮಾಳಿಗೆ ಚಿತ್ರದುರ್ಗದಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ. ಬೆಳಿಗ್ಗೆ ಹೋಗಿ ಸಹಿ ಹಾಕಿದಳು, ತನ್ನ ಕಟ್ಟನ್ನು ಬೇಗ ಮುಗಿಸಿದಳು, ತಲೆನೋವು, ಸ್ವಲ್ಪ ಹೊತ್ತು ಮಲಗಿರುತ್ತೇನೆ ಎಂದು ಪಕ್ಕದಲ್ಲಿ ಕೂತಿದ್ದ ಯಶೋಧಾ ಮೇಡಂಗೆ ಹೇಳಿ ಹೊರಬಿದ್ದಳು. ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗಬಹುದಿತ್ತು. ಆದರೆ ಅಲ್ಲಿ ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಬೇಕು. ಮುಖ ಮರೆತರೂ ಹೆಸರು ನೆನಪಿಟ್ಟುಕೊಳ್ಳುವವರಿರುತ್ತಾರೆ. ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟು, ಸೆರಗು ತಲೆಗೆ ಹೊದ್ದು, ಹಿಂದಿನ ಸೀಟಿನಲ್ಲಿ ಕೂತಳು.

ಬಡಾವಣೆ ಊಟ ಮಾಡಿ ಮಲಗಿತ್ತು. ಸ್ಕ್ರೂಡ್ರೈವರ್ ಒತ್ತಿದ್ದೇ ತಡ, ಪೆಟ್ಟಿಗೆಯ ಮುಚ್ಚಳ ಬಿಸ್ಕತ್ತಿನ ಡಬ್ಬಿಯಂತೆ ಸುರುಳಿಯಾಗಿ ಎದ್ದಿತು. ಇಷ್ಟು ಬಡಕಲನ್ನು ಗಟ್ಟಿ ಎಂದಿದ್ದೆನಲ್ಲ ಎಂದು ಅವಳಿಗೆ ಆಗ ನಾಚಿಕೆಯಾಯಿತು. ಕೈ ತೆಗೆದುಕೊಂಡು ಬೀಗ ತೆಗೆದು, ಚಪ್ಪಲಿ ಬಿಡದೆ ಒಳಗೆ ಹೋದಳು. ಈ ಮನೆಯೊಳಗೆ ಅವಳು ಚಪ್ಪಲಿ ಹಾಕಿಕೊಂಡು ನಡೆದದ್ದು ಅದೇ ಮೊದಲು.

ಕೋಣೆಯಲ್ಲಿ ಟ್ರಂಕು ತೆರೆದು, ಮೇಲಿದ್ದುದನ್ನು ತೆಗೆದು, ತಳದವರೆಗೆ ಕೈ ಹಾಕಿದಳು. ಸರ ಸಿಕ್ಕಿತು. ಅಂಗೈಯಲ್ಲಿ ಅದರ ಭಾರ ನೆನಪಿದ್ದಷ್ಟೇ ಇತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಕಳ್ಳ ಒಂದೇ ಸರವನ್ನು ಆರಿಸಿ ಒಯ್ಯುವುದಿಲ್ಲ. ಬೋರಕ್ಕನ ಬಳೆಗಳನ್ನೂ ನಾಗಶ್ರೀಯ ಜುಮುಕಿಯನ್ನೂ ತೆಗೆದುಕೊಂಡಳು. ಇವು ಕಳವು; ಅದು ಮಾತ್ರ ನನ್ನದು ಎಂದು ಮನಸ್ಸು ಬೇರೆ ಮಾಡಿ ಹೇಳಿತು. ಊಟದ ಡಬ್ಬಿಯಲ್ಲಿ ಉಳಿದಿದ್ದ ಚಪಾತಿಯ ಕೆಳಗೆ ಸೇರಿದ ಮೇಲೆ ಎಲ್ಲವೂ ಒಂದೇ ಆಗಿ ಕಂಡವು. ಆಮೇಲೆ ಕಳ್ಳನ ಕೆಲಸ ಮುಗಿಸಿದಳು. ಸೀರೆಗಳನ್ನು ಎಳೆದು ನೆಲಕ್ಕೆ ಚೆಲ್ಲಿದಳು, ಕೌದಿಗಳನ್ನು ಒದ್ದಳು, ರಾಗಿ ಡಬ್ಬ ಉರುಳಿಸಿದಳು. ಯಾವುದರ ಮೇಲೂ ಕರುಣೆ ತೋರಿಸಲಿಲ್ಲ. ಮರಳಿ ಚಿತ್ರದುರ್ಗಕ್ಕೆ ಹೋಗಿ ಸಂಜೆಯ ಸಹಿ ಹಾಕಿದಳು.

ನಾಗಶ್ರೀ ಫೋನು ಮಾಡಿ ಅತ್ತಾಗ ಅವಳು ಇನ್ನೂ ಬಸ್ ನಿಲ್ದಾಣದಲ್ಲಿದ್ದಳು. ಊರಿಗೆ ಬಂದು ನೋಡಿದರೆ ಮನೆಯ ಮುಂದೆ ಇಡೀ ಬೀದಿ. ಠಾಣೆಯಿಂದ ಬಂದಿದ್ದ ಪೇದೆಯೊಬ್ಬ ಸುರುಳಿಯಾದ ಮುಚ್ಚಳವನ್ನು ಬೆರಳಲ್ಲಿ ಅಲ್ಲಾಡಿಸುತ್ತಿದ್ದ. ಕರಿಯಣ್ಣ ತಾನು ಮೊದಲೇ ಹೇಳಿದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಸುಮಾ ತಲೆ ತಗ್ಗಿಸಿ, ನನ್ನದೇ ತಪ್ಪು, ಅಗ್ಗದ್ದು ತಂದೆ ಎಂದಳು. ಎಲ್ಲವೂ ಅವಳು ಬರೆದುಕೊಟ್ಟ ಹಾಗೆ ನಡೆಯುತ್ತಿತ್ತು.

ಅನುಸೂಯಳ ಹೊರತು. ಅವಳು ಗದ್ದಲ ಕೇಳಿ ಬಂದಿದ್ದಳು, ಸೆರಗನ್ನು ಬಾಯಿಗೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು. ಮನೆಗೆ ಯಾರ್ಯಾರು ಬರುತ್ತಾರೆ ಎಂದು ಪೇದೆ ಕೇಳಿದಾಗ ಬೀದಿಯ ಮುಖಗಳೆಲ್ಲ ಅವಳ ಕಡೆ ತಿರುಗಿದವು. ಹೆದ್ದಾರಿಯ ಆ ಹೆಸರಿಲ್ಲದ ಯಾವನನ್ನೂ ಯಾರೂ ನೆನೆಯಲಿಲ್ಲ.

"ಇವತ್ತು ಯಾರೂ ಇರಲ್ಲ ಅಂತ ನಿಂಗೆ ಗೊತ್ತಿತ್ತೇನಮ್ಮ?" ಎಂದ ಪೇದೆ.

"ಗೊತ್ತಿತ್ತು ಸಾ. ಅಕ್ಕನೇ ಬರ್ಬ್ಯಾಡ ಅಂದಿದ್ರು."

"ಬೆಳಿಗ್ಗೆ ಠಾಣೆ ಹತ್ರ ಬಾ."

ಅನುಸೂಯ ಸುಮಾಳನ್ನು ನೋಡಿದಳು. "ನೀವಾರ ಹೇಳ್ರಿ ಮೇಡಮ್ಮ, ನಾನು ಅಂಥೋಳಾ?"

ಸುಮಾಳ ಭುಜದಲ್ಲಿ ಚೀಲ ಇತ್ತು, ಚೀಲದಲ್ಲಿ ಊಟದ ಡಬ್ಬಿ. ಅಲ್ಲ ಎಂಬ ಒಂದು ಮಾತು ಸಾಕಾಗಿತ್ತು. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಹುಟ್ಟುತ್ತದೆ ಎಂದು ಲೆಕ್ಕ ಹಾಕುತ್ತ ಅವಳು ಸುಮ್ಮನೆ ನಿಂತಳು. ಅನುಸೂಯಳ ಕಣ್ಣು ಮೆಲ್ಲನೆ ಕೆಳಗಿಳಿಯಿತು.

ಆಗ ಒಳಗಿಂದ ಬೋರಕ್ಕ ಕರೆದಳು. "ಸುಮಾ, ಇಲ್ಲಿ ಬಾರವ್ವ." ಸುಮಾ ಕೋಣೆಗೆ ಹೋದಳು. ಬೋರಕ್ಕ ಬಾಗಿಲು ಮುಂದಕ್ಕೆ ಎಳೆದಳು. ಅವಳು ಅಳುತ್ತಿರಲಿಲ್ಲ. ನೆಲದ ತುಂಬ ಸೀರೆ, ಕೌದಿ, ರಾಗಿ. ಮಂಚದ ಮೇಲೆ ಮಾತ್ರ ಜಾಗ ಚೊಕ್ಕಟವಾಗಿತ್ತು, ಅಲ್ಲಿ ಟ್ರಂಕಿನ ಮೇಲ್ಪದರದಲ್ಲಿ ಇರುತ್ತಿದ್ದ ಕನಕರಾಜನ ಕರೀ ಕಂಬಳಿ ಇತ್ತು. ಕುರಿ ಕಾಯುವವರ ಆ ಮನೆಯಲ್ಲಿ ಕಂಬಳಿಯನ್ನು ನೆಲಕ್ಕೆ ಹಾಕುವುದಿಲ್ಲ, ದಾಟುವುದಿಲ್ಲ. ಅಂಚಿನ ಎಳೆಗಳ ದಶಿ ಒಳಗೆ ಹೋಗುವಂತೆ ಮಡಚಿ, ತಲೆದೆಸೆಗೆ ಇಡುತ್ತಾರೆ. ಮದುವೆಯಾಗಿ ಬಂದ ವಾರವೇ ಸುಮಾ ಅದನ್ನು ಕಲಿತಿದ್ದಳು, ಗಂಡ ಎದ್ದುಹೋದ ಎಷ್ಟೋ ಬೆಳಗುಗಳಲ್ಲಿ ಹಾಗೆಯೇ ಮಡಚಿದ್ದಳು. ಇವತ್ತು ಮಡಚಿದ್ದು ಅವಳಿಗೆ ನೆನಪೇ ಇರಲಿಲ್ಲ. ಆದರೆ ಕಂಬಳಿ ತಲೆದೆಸೆಯಲ್ಲಿ, ದಶಿ ಒಳಗೆ ಮಾಡಿಕೊಂಡು, ಸುಕ್ಕಿಲ್ಲದೆ ಕೂತಿತ್ತು. ಬೋರಕ್ಕ ಅದರ ಮೇಲೆ ಅಂಗೈ ಇಟ್ಟು, ಹೊರಗಿನವರಿಗೆ ಕೇಳಿಸದಷ್ಟು ಮೆತ್ತಗೆ ಹೇಳಿದಳು: "ಈ ಕಳ್ಳಂಗೆ ಕಂಬಳಿ ಮಡಚಾದು ಕಲ್ಸಿದೋಳು ನಾನೇ ಕಣವ್ವ."