ಇಬ್ಬರಿಗೊಂದು ಮೇಜು

ಛಟೀರ್!

ಕಂಟ್ರೋಲ್ ರೂಮಿನಲ್ಲಿ ಕೂತಿದ್ದವರೆಲ್ಲ ಒಮ್ಮೆಲೇ ಏಳನೇ ಸೀಟಿನತ್ತ ತಿರುಗಿದರು.

ಅಲ್ಲಿ ಅವಳು ಹೆಡ್‌ಸೆಟ್ ಹಾಕಿಕೊಂಡು, ಫೋನಿನ ಆಚೆಯಿದ್ದ ಹೆಂಗಸಿಗೆ "ಗಾಬರಿಯಾಗ್ಬೇಡಿ ಅಮ್ಮಾ, ಆಂಬುಲೆನ್ಸ್ ಹೊರಟಾಯ್ತು" ಎಂದು ಮೆತ್ತಗೆ ಸಮಾಧಾನ ಹೇಳುತ್ತಿದ್ದಳು. ಹಾಗೆ ಹೇಳುತ್ತಲೇ, ತನ್ನ ತಲೆಯ ಮೇಲಿಂದ ಬಾಗಿ ಸ್ಕ್ರೀನನ್ನು ಮೇಲೆತ್ತುತ್ತಿದ್ದ ಉದ್ದನೆಯ ಕೈಯೊಂದಕ್ಕೆ ಎಡಗೈಯಲ್ಲಿ ಬಾರಿಸಿದ್ದಳು!

ಆ ಕೈಯವನು ಮಧ್ಯಾಹ್ನದ ಪಾಳಿಯವನು. ಬಾಗಿಲು ದಾಟುವಾಗ ತಲೆ ತಗ್ಗಿಸುವಷ್ಟು ಎತ್ತರ. ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಏಣಿ'. ಅವಳು ಬೆಳಗಿನ ಪಾಳಿ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ. ಅವಳಿಗೆ ಇಟ್ಟ ಹೆಸರು 'ಸೂಜಿಮೆಣಸು'.

ಇಬ್ಬರಿಗೂ ಒಂದೇ ಮೇಜು, ಒಂದೇ ಕುರ್ಚಿ, ಒಂದೇ ಕಂಪ್ಯೂಟರ್. ಆಂಬುಲೆನ್ಸ್ ಕಳಿಸುವ ಜಾಗವಾದ್ದರಿಂದ ಸೀಟು ಒಂದು ಕ್ಷಣವೂ ಖಾಲಿ ಇರುವಂತಿಲ್ಲ. ಬರುವವನು ಬಂದು ಬೆನ್ನ ಹಿಂದೆ ನಿಲ್ಲಬೇಕು, ಕೂತವಳು ಕರೆ ಮುಗಿಸಿ ಹೆಡ್‌ಸೆಟ್ ಅವನ ಕೈಗಿಟ್ಟು ಏಳಬೇಕು. ಅವಳು ಈ ಸೀಟಿಗೆ ಬಂದು ತಿಂಗಳುಗಳೇ ಆಗಿದ್ದರೂ ಇಬ್ಬರೂ ಬಾಯಿಬಿಟ್ಟು ಮಾತಾಡಿರಲಿಲ್ಲ. ಮುಖ ಊದಿಸಿಕೊಳ್ಳುವುದೊಂದೇ ಅವರ ಪರಿಚಯ!

ಕರೆ ಮುಗಿಯಿತು. ಮೇಲ್ವಿಚಾರಕಿಯೇ ಬಂದು ಹೆಡ್‌ಸೆಟ್ ಕಿತ್ತುಕೊಂಡರು. ಹಿಂದಿನಿಂದ ಎಲ್ಲರೂ ಅವರನ್ನು 'ದೊಡ್ಡಮ್ಮ' ಎನ್ನುತ್ತಿದ್ದರು.

"ನಾನು ಕೂತಿರ್ತೀನಿ. ಇಬ್ಬರೂ ಹೊರಗೆ ಹೋಗಿ ಜಗಳ ಮುಗಿಸ್ಕೊಂಡು ಬನ್ನಿ."

ಕಾರಿಡಾರಿಗೆ ಬಂದಿದ್ದೇ ತಡ, ಅವಳು ಸಿಡಿದಳು. "ಕರೆ ನಡೀತಿರುವಾಗ ಸ್ಕ್ರೀನ್ ಮುಟ್ತೀರಲ್ಲ, ಎಷ್ಟ್ರೀ ಧೈರ್ಯ ನಿಮಗೆ?"

"ದಿನಾ ಅದನ್ನ ಪಾತಾಳಕ್ಕೆ ಇಳಿಸಿ ಹೋಗ್ತೀರಲ್ಲ, ನನ್ನ ಕುತ್ತಿಗೆ ಏನಾಗ್ಬೇಕು?"

"ನೀವು ಕುರ್ಚಿನ ಅಟ್ಟಕ್ಕೇರಿಸಿ ಹೋಗ್ತೀರಲ್ಲ! ಹತ್ತೋಕೆ ಏಣಿ ತರ್ಲಾ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ನಗಲಿಲ್ಲ.

"ಸರಿ, ಮೌಸ್ ಯಾಕೆ ಎಡಗಡೆ ಇಡ್ತೀರಿ? ಬರೆಯೋದು ಬಲಗೈಯಲ್ಲಿ, ಮೌಸ್ ಮಾತ್ರ ಎಡಗೈಯಲ್ಲಿ! ನನಗೆ ಉರಿಸ್ಬೇಕು ಅಂತ್ಲೇ ತಾನೇ?"

ಅವಳ ಮುಖ ಪೆಚ್ಚಾಯಿತು. "ಅದು... ಅದು ನನ್ನಿಷ್ಟ!"

ಇಷ್ಟವೂ ಅಲ್ಲ, ಮಣ್ಣೂ ಅಲ್ಲ. ಕೆಲವು ವಾರಗಳಿಂದ ಅವಳ ಬಲಗೈ ಜೋಮು ಹಿಡಿಯುತ್ತಿತ್ತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಇದ್ದೂ ಇಲ್ಲದಂತೆ. ಬೆಳಿಗ್ಗೆ ಕಾಫಿ ಲೋಟ ಜಾರಿ ಬಿದ್ದಾಗ ಅಮ್ಮ "ಏನಾಯ್ತೇ ಕೈಗೆ?" ಎಂದಿದ್ದರು. "ಬಿಸಿ ಇತ್ತಮ್ಮ" ಎಂದು ತೇಲಿಸಿದ್ದಳು.

ಯಾರಿಗಾದರೂ ಗೊತ್ತಾದರೆ ಸೀಟು ಹೋಗುತ್ತದೆ. ಕಡತ ಜೋಡಿಸುವ ವಿಭಾಗಕ್ಕೆ ಹಾಕುತ್ತಾರೆ. ಅಪ್ಪ ಮನೆಯಲ್ಲಿ ಕುಸಿದು ಬಿದ್ದ ದಿನ, ಆಂಬುಲೆನ್ಸ್ ಬರುವವರೆಗೂ ಫೋನಿನಲ್ಲಿ ಯಾರೋ ಹೆಂಗಸು ಅವಳ ಜೊತೆಗಿದ್ದಳು. ಆ ದನಿಯ ಜಾಗದಲ್ಲಿ ತಾನು ಕೂರಬೇಕೆಂದೇ ಅವಳು ಈ ಕೆಲಸಕ್ಕೆ ಬಂದವಳು. ಈ ಸೀಟು ಬಿಟ್ಟು ನಾನು ಬದುಕೋದು ಹೇಗೆ?

ಹೆಡ್‌ಸೆಟ್ಟನ್ನು ಮತ್ತೊಬ್ಬರಿಗೆ ಒಪ್ಪಿಸಿ ದೊಡ್ಡಮ್ಮ ಹೊರಬಂದರು. "ನಿಮ್ಮಿಬ್ಬರ ಕೂಗಾಟ ಒಳಗೂ ಕೇಳ್ತಿದೆ. ಎಲ್ಲ ಸೀಟುಗಳಿಗೂ ಹೊಸ ಮೇಜು ಬರ್ತಿವೆ. ನೋಡೋಕೆ ಅಂತ ಮೂರು ಥರದ್ದು ತಂದು ಸ್ಟೋರ್ ರೂಮಲ್ಲಿಟ್ಟಿದ್ದಾರೆ. ಇಲ್ಲಿ ಎಲ್ಲರಿಗಿಂತ ಉದ್ದ ನೀನು, ಗಿಡ್ಡ ಇವಳು. ನಿಮ್ಮಿಬ್ಬರಿಗೂ ಸರಿಹೋಗಿದ್ದು ಎಲ್ಲರಿಗೂ ಸರಿಹೋಗುತ್ತೆ. ಕೂತು ನೋಡಿ ಆರಿಸಿ. ಮತ್ತೆ... ಶಿಫ್ಟ್ ಲೀಡರ್ ಹುದ್ದೆಗೂ ನಿಮ್ಮಿಬ್ಬರದ್ದೇ ಹೆಸರಿದೆ. ಒಬ್ಬರಿಗೊಬ್ಬರು ಹೊಂದ್ಕೊಳ್ಳೋದು ಕಲೀರಿ."

ಹೊಂದಿಕೊಳ್ಳುವುದು? ಇವನ ಜೊತೆ? ಅವಳಿಗೆ ಮೈಯೆಲ್ಲ ಉರಿಯಿತು.

*

ಮರುದಿನ ಅವನು ಪಾಳಿಗೆ ಮುಂಚೆಯೇ ಬಂದ. ಅವಳ ಸೀಟಿಗೆ ದೊಡ್ಡಮ್ಮ ಬೇರೊಬ್ಬರನ್ನು ಕೂರಿಸಿದರು.

ಸ್ಟೋರ್ ರೂಮಿನ ಮೊದಲ ಮೇಜು ನೋಡಲು ಚೆಂದ, ಕೆಳಗೆ ಡ್ರಾಯರ್. ಅವನು ಕೂತರೆ ಮೊಣಕಾಲು ಡ್ರಾಯರಿಗೆ ಸಿಕ್ಕಿಕೊಂಡಿತು. ಎರಡನೆಯದು ಮೂಲೆಗೆ ಹೊಂದುವಂಥದ್ದು. ಅದರ ಮೇಲೆ ಮೌಸ್ ಇಟ್ಟರೆ ಅವಳು ಅರ್ಧ ಮೇಜಿನ ಮೇಲೆ ಮಲಗಿಯೇ ಹಿಡಿಯಬೇಕು. ಮೂರನೆಯದು ಸ್ವಿಚ್ ಒತ್ತಿದರೆ ಏರಿಳಿಯುವ ಮೇಜು.

"ಇಲ್ಲಿ ಕೂತ್ಕೊಳ್ಳಿ," ಎಂದ ಅವನು. "ಭುಜ ಸಡಿಲ ಬಿಡಿ. ಮೊಣಕೈ ಪಕ್ಕಕ್ಕೆ ತೂಗಿದಾಗ ಎಲ್ಲಿರುತ್ತೋ, ಕೀಬೋರ್ಡ್ ಅದೇ ಎತ್ತರದಲ್ಲಿರ್ಬೇಕು. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ."

"ಗೊತ್ತು. ತರಬೇತಿಲಿ ನಾನೂ ಇದ್ದೆ."

"ಹಾಗಾದ್ರೆ ಕಾಲು ಯಾಕೆ ಉಯ್ಯಾಲೆ ಆಡ್ತಿದೆ?"

ಅವಳು ಉತ್ತರಿಸುವ ಮೊದಲೇ ಅವನು ಮಂಡಿಯೂರಿ, ಕಾಲಿನಡಿಗೆ ಒಂದು ಇಳಿಜಾರು ಹಲಗೆ ಸರಿಸಿದ. ಎರಡೂ ಪಾದ ಊರಿದವು. ಬೆನ್ನಿನಿಂದ ಯಾರೋ ಮೂಟೆ ಇಳಿಸಿಕೊಂಡಂತಾಯಿತು. ಥ್ಯಾಂಕ್ಸ್ ಹೇಳಬೇಕೆನ್ನಿಸಿತು. ಹೇಳಿದರೆ ಇವನ ಕೊಬ್ಬು ಹೆಚ್ಚಾದೀತೆಂದು ಸುಮ್ಮನಾದಳು.

"ಈಗ ಸ್ವಿಚ್ ಒತ್ತಿ ಇಳಿಸಿ. ನಿಮಗೆ ಬೇಕಾದ ಎತ್ತರಕ್ಕೆ ಬಂದಾಗ ಬಿಡಿ."

ಸ್ವಿಚ್ ಬಲಗಡೆಯಿತ್ತು. ಅವಳು ಹೆಬ್ಬೆರಳಲ್ಲಿ ಒತ್ತಿದಳು. ಒತ್ತಿದೆನೋ ಬಿಟ್ಟೆನೋ ಬೆರಳಿಗೆ ತಿಳಿಯಲೇ ಇಲ್ಲ. ಮೇಜು ಇಳಿಯುತ್ತಲೇ ಹೋಯಿತು...

"ಬಿಡಿ! ರೀ, ಬಿಡಿ! ತೊಡೆ ಮೇಲೆ ಬರ್ತಿದೆ!"

ಅವನೇ ಹಾರಿ ಅವಳ ಕೈಯನ್ನು ಸ್ವಿಚ್ಚಿನಿಂದ ಸರಿಸಿದ. ಮೇಜು ನಿಂತಿತು. ಅವನು ಆ ಕೈಯನ್ನು ಬಿಡಲಿಲ್ಲ. ಬೆರಳ ತುದಿಯನ್ನು ಮೆಲ್ಲಗೆ ಒತ್ತಿದ.

"ಗೊತ್ತಾಗ್ತಿದ್ಯಾ?"

ಅವಳು ಬೇರೆ ಕಡೆ ನೋಡಿದಳು.

"ಮೌಸ್ ಎಡಗಡೆ... ಇದಕ್ಕಾ? ಎಷ್ಟು ದಿನದಿಂದ?"

"ಹೊಸ ಮೇಜು ಬಂದ್ರೆ ಸರಿಹೋಗುತ್ತೆ. ಯಾರಿಗೂ ಹೇಳ್ಬೇಡಿ." ಅವಳು ಬಾಗಿಲತ್ತ ಕಣ್ಣು ಹಾಯಿಸಿದಳು. "ಕೈಮುಗೀತೀನಿ. ಈ ಸೀಟು ಹೋದ್ರೆ ನನಗೆ ಬೇರೇನೂ ಇಲ್ಲ."

ಅವನು ಅವಳ ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ನಾಳೆನೇ ಡಾಕ್ಟರ್ ಹತ್ರ ಹೋಗಿ. ಆಮೇಲೆ ನೀವೇ ಮೇಡಂಗೆ ಹೇಳಿ. ಅಲ್ಲೀವರೆಗೆ... ನಾನು ಸುಮ್ಮನಿರ್ತೀನಿ."

ಅವಳು ಡಾಕ್ಟರ್ ಹತ್ತಿರ ಹೋಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಆದರೆ ಏಳನೇ ಸೀಟಿನ ಹಳೆಯ ಮೇಜು ಏಕೋ ತಗ್ಗಿದಂತಿತ್ತು. ಮಣಿಕಟ್ಟಿಗೆ ಅಂಚು ಒತ್ತುತ್ತಿರಲಿಲ್ಲ. ಯಾರೋ ಬಡಗಿ ಬಂದು ಏನೋ ಮಾಡಿರಬೇಕೆಂದುಕೊಂಡಳು. ಮಧ್ಯಾಹ್ನ ಅವನು ಮಾತ್ರ ಕಾಲು ಹೊರಚಾಚಿ ಓರೆಯಾಗಿ ಕೂರುತ್ತಿದ್ದ. 'ನೋವಿದ್ಯಾ?' ಎಂದು ಕಣ್ಣಲ್ಲೇ ಕೇಳುತ್ತಿದ್ದ. ಇಲ್ಲವೆಂದು ಅವಳು ತಲೆಯಾಡಿಸುತ್ತಿದ್ದಳು. ಆ ನೋಟಕ್ಕೆ ತಾನು ಬೆಳಗಿನಿಂದ ಕಾಯುತ್ತೇನೆಂದು ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ.

*

ಸ್ಟೋರ್ ರೂಮಿನ ಆ ದಿನ ಕಳೆದು ಎರಡನೇ ಮಧ್ಯಾಹ್ನ. ಅವನು ಬಂದು ಹಿಂದೆ ನಿಂತಿದ್ದ. ಕರೆ ಬಂತು.

"ನನ್ನ ಹೆಂಡ್ತಿ... ಉಸಿರಾಡ್ತಿಲ್ಲಮ್ಮಾ..." ಮುದುಕರೊಬ್ಬರ ದನಿ.

"ನಾನಿದ್ದೀನಿ ಅಜ್ಜಾ. ಬೀದಿ ಇಲ್ಲಿ ಕಾಣ್ತಿದೆ, ಮನೆ ನಂಬರ್ ಹೇಳಿ."

"ನಲವತ್ತೊಂದು... ಬೇಗ..."

"ನಲವತ್ತೊಂದು" ಎಂದು ಜೋರಾಗಿ ಪುನರುಚ್ಚರಿಸುತ್ತ ಅವಳು ಬಲಗೈಯಲ್ಲಿ ಅಂಕಿ ಒತ್ತಿದಳು. ಬೆರಳು ಎಲ್ಲಿ ಬಿತ್ತೆಂದು ತಿಳಿಯಲಿಲ್ಲ, ನೋಡುವಷ್ಟು ಪುರುಸೊತ್ತೂ ಇರಲಿಲ್ಲ. "ಅಜ್ಜಾ, ಅವರನ್ನ ನೆಲದ ಮೇಲೆ ಅಂಗಾತ ಮಲಗಿಸಿ, ಎದೆ ಮಧ್ಯ ಎರಡೂ ಕೈ ಇಟ್ಟು..." ಎನ್ನುತ್ತಲೇ ಎಡಗೈಯನ್ನು 'ಕಳಿಸು' ಗುಂಡಿಗೆ ಒಯ್ದಳು.

ಹಿಂದಿನಿಂದ ಆ ಉದ್ದನೆಯ ಕೈ ಮುಂದೆ ಬಂತು. ಅಂಕಿ ಅಳಿಸಿತು, ಸರಿ ಅಂಕಿ ಹಾಕಿತು, ಕಳಿಸಿತು.

ಅವಳು ಬರೆದದ್ದು ಎಪ್ಪತ್ತೊಂದು!

ಆದರೂ ದನಿ ನಡುಗಲು ಬಿಡಲಿಲ್ಲ. ಆಂಬುಲೆನ್ಸಿನವರು ಬಾಗಿಲು ತಟ್ಟಿದ ಸದ್ದು ಕೇಳುವವರೆಗೂ ಅಜ್ಜನ ಜೊತೆ ಎಣಿಸುತ್ತಲೇ ಇದ್ದಳು. "ಉಸಿರು ಬಂತು" ಎಂದು ಆಚೆಯಿಂದ ಯಾರೋ ಕೂಗಿದಾಗ ಅವಳ ಕಣ್ಣು ಮಂಜಾಯಿತು.

ತಿರುಗಿದಳು. ಅವನಿರಲಿಲ್ಲ. ಗಾಜಿನ ಗೋಡೆಯಾಚೆ, ದೊಡ್ಡಮ್ಮನ ಎದುರು ನಿಂತು ಏನೋ ಹೇಳುತ್ತಿದ್ದ. ದೊಡ್ಡಮ್ಮ ಇವಳತ್ತ ನೋಡಿದರು.

ಅವತ್ತೇ ಅವಳನ್ನು ಸೀಟಿನಿಂದ ಇಳಿಸಿದರು. "ಡಾಕ್ಟರ್ ಸರಿ ಅನ್ನೋವರೆಗೂ ಈ ಕಡೆ ಬರ್ಬೇಡ" ಎಂದರು.

ಕಾರಿಡಾರಿನಲ್ಲಿ ಅವನ ಎದುರು ನಿಂತಾಗ ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ನುಗ್ಗಿ ಬಂದವು.

"ಲೀಡರ್ ಹುದ್ದೆ ಬೇಕಿದ್ರೆ ಕೇಳಿದ್ರೆ ಬಿಟ್ಟುಕೊಡ್ತಿದ್ದೆ! ನಂಬಿಸಿ ಬೆನ್ನಿಗೆ ಚೂರಿ ಯಾಕ್ರೀ ಹಾಕಿದ್ರಿ?"

ಅವನ ಮುಖ ಬಿಳಿಚಿಕೊಂಡಿತು. "ಹೌದು, ನಾನೇ ಹೇಳಿದ್ದು. ನಾಳೆ ಮತ್ತೆ ಹೀಗಾದ್ರೂ ಹೇಳ್ತೀನಿ."

"ಇನ್ನು ನಿಮ್ಮ ಮುಖ ನೋಡಲ್ಲ!"

*

ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ ಎಂದರು ಡಾಕ್ಟರ್. "ಇನ್ನೊಂದಿಷ್ಟು ದಿನ ಹೀಗೇ ಎಳೆದಿದ್ರೆ ಸ್ಪರ್ಶ ವಾಪಸ್ ಬರೋದೇ ಕಷ್ಟ ಇತ್ತು."

"ನನ್ನ ಹತ್ರಾನೂ ಮುಚ್ಚಿಟ್ಯಲ್ಲೇ!" ಎಂದು ಅಮ್ಮ ಅತ್ತರು. ಆಮೇಲೆ ಕೈಗೆ ಪಟ್ಟಿ ಕಟ್ಟಿದ ಮಗಳಿಗೆ ಚಿಕ್ಕ ಮಗುವಿಗೆಂಬಂತೆ ತಲೆ ಬಾಚಿದರು.

ಅವನ ಫೋನ್ ಬರುತ್ತಿತ್ತು. ಅವಳು ಕತ್ತರಿಸುತ್ತಿದ್ದಳು. ಒಂದು ದಿನ ಬರಲಿಲ್ಲ. ಅವತ್ತು ಇಡೀ ದಿನ ಫೋನನ್ನೇ ನೋಡುತ್ತ ಕೂತಳು. ಛೀ, ನನಗೇನಾಗಿದೆ? ಸ್ಕ್ರೀನಿನಲ್ಲಿ ಎಪ್ಪತ್ತೊಂದು ಎಂದು ಬರೆದಿದ್ದು ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ವಾರಗಳು ಕಳೆದವು. ಕೈ ಸರಿಯಾಗಿದೆ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರ್ ಹೇಳಿದ ದಿನ ಅವಳು ನೇರವಾಗಿ ದೊಡ್ಡಮ್ಮನ ಮುಂದೆ ಬಂದು ನಿಂತಳು.

"ಬಾ. ನಾಳೆಯಿಂದ ನಿನ್ನ ಸೀಟು ನಿನಗೇ."

"ಹೊಸ ಲೀಡರ್‌ಗೆ ತಿಳಿಸ್ಬೇಕಲ್ವಾ ಮೇಡಂ?" ಮಾತಿನಲ್ಲಿ ವ್ಯಂಗ್ಯ ಇಣುಕಿತು.

"ತಿಳಿಸು. ಒಂಬತ್ತನೇ ಸೀಟಿನವರು."

ಅವಳು ತಬ್ಬಿಬ್ಬಾದಳು. "ಅಂದ್ರೆ... ಏಣಿ ಅಲ್ವಾ?"

"ಅವನಿಗೆಲ್ಲಿಂದ ಕೊಡ್ಲಿ? 'ಅವರ ಕೈ ಸರಿಯಿಲ್ಲ ಅಂತ ಎರಡು ದಿನದಿಂದ ಗೊತ್ತಿದ್ದೂ ಮುಚ್ಚಿಟ್ಟೆ, ಆ ತಪ್ಪು ನನ್ನದು' ಅಂತ ಅವನೇ ಬಂದು ಹೇಳಿದ. ನಿನ್ನ ವಿಷಯ ಹೇಳೋ ಮೊದಲು ಅವನ ವಿಷಯ ಹೇಳಿದ." ದೊಡ್ಡಮ್ಮ ಕನ್ನಡಕ ತೆಗೆದರು. "ಇನ್ನೊಂದು. ನೀನು ಈ ಸೀಟಿಗೆ ಬರೋ ಮೊದಲೇ, ಮೊಣಕಾಲು ಹಿಡಿಸ್ಲಿ ಅಂತ ಮೇಜಿನ ಕಾಲಡಿ ಮರದ ತುಂಡು ಇಟ್ಕೊಂಡಿದ್ದನಂತೆ. ಆ ಎತ್ತರ ನಿನ್ನ ಕೈಗೆ ಮುಳುವಾಯ್ತು. ಸ್ಟೋರ್ ರೂಮಲ್ಲಿ ನಿನ್ನ ಕೈ ನೋಡಿದ ದಿನವೇ ತುಂಡು ತೆಗೆದುಹಾಕಿದ. ಈಗ ದಿನಾ ಮೊಣಕಾಲು ಬಡಿಸ್ಕೊಂಡು ಕೂರ್ತಾನೆ."

ಅವಳು ಆಗಲೇ ಬಾಗಿಲ ಹತ್ತಿರವಿದ್ದಳು. "ಎಲ್ಲಿದ್ದಾರೆ?"

*

ಅವನು ಸ್ಟೋರ್ ರೂಮಿನಲ್ಲಿ, ಆ ಮೂರು ಮೇಜುಗಳ ನಡುವೆ ಒಬ್ಬನೇ ನಿಂತಿದ್ದ. ಅವಳನ್ನು ಕಂಡು ಹಿಂದೆ ಸರಿಯಲು ಹೋಗಿ ಡ್ರಾಯರಿಗೆ ಬಡಿದುಕೊಂಡ.

"ಮೇಜು ಇನ್ನೂ ಆರಿಸಿಲ್ಲ," ಎಂದ ತಡವರಿಸಿ. "ಒಬ್ನೇ ಕೂತ್ರೆ ನನ್ನ ಅಳತೆ ಮಾತ್ರ ಗೊತ್ತಾಗುತ್ತೆ... ಮೊದಲು ಮಾಡಿದ ತಪ್ಪೂ ಅದೇ."

"ಮರದ ತುಂಡಿನ ವಿಷಯ ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಫೋನ್ ಮಾಡ್ತಾನೇ ಇದ್ದೆ. ಆಮೇಲೆ... ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ ಅನ್ನಿಸ್ತು."

"ಅವತ್ತು ಬೈದಾಗ ಬಾಯಿಬಿಟ್ಟು ಏನಾದ್ರೂ ಹೇಳ್ಬಾರ್ದಿತ್ತಾ?"

"ಏನು ಹೇಳ್ಲಿ? ನಿಮ್ಮ ಬಗ್ಗೆ ಹೇಳಿದ್ದಂತೂ ನಿಜ."

ಅವಳು ಹತ್ತಿರ ಬಂದಳು. "ಎರಡು ದಿನ ಯಾಕೆ ಸುಮ್ಮನಿದ್ರಿ?"

"ನೀವು ಕೇಳ್ಕೊಂಡ್ರಿ. ಇಲ್ಲ ಅನ್ನೋಕೆ ನನ್ನಿಂದ ಆಗ್ಲಿಲ್ಲ." ಅವನು ಸೋತವನಂತೆ ನಕ್ಕ. "ಅವತ್ತೇ ಗೊತ್ತಾಯ್ತು, ನಾನು ಕೆಟ್ಟೆ ಅಂತ."

"ಮೂರನೇ ದಿನವೂ ಸುಮ್ಮನಿದ್ದಿದ್ರೆ?"

"ನಿಮ್ಮ ಕೈ ಹೋಗ್ತಿತ್ತು. ಯಾರದ್ದೋ ಜೀವಾನೂ ಹೋಗ್ತಿತ್ತು. ನೀವು ಜನ್ಮದಲ್ಲಿ ನನ್ನ ಮುಖ ನೋಡ್ದೇ ಹೋದ್ರೂ ಪರವಾಗಿಲ್ಲ ಅನ್ಕೊಂಡು ಒಳಗೆ ಹೋದೆ. ಪರವಾಗಿಲ್ಲ ಅನ್ನೋದು ಸುಳ್ಳು ಅಂತ ಆಮೇಲೆ ಗೊತ್ತಾಯ್ತು."

ಅವಳ ಕಣ್ಣಿಂದ ನೀರು ಇಳಿಯಿತು. "ಆ ಅಜ್ಜನ ಹೆಂಡ್ತಿ ಬದುಕಿದ್ದು ನಿಮ್ಮಿಂದ. ನನ್ನ ಹಟದಿಂದ ಅವರು ಹೋಗ್ಬಿಡ್ತಿದ್ರು. ಅದು ನನಗೆ ಅವತ್ತೇ ಗೊತ್ತಿತ್ತು. ಒಪ್ಕೊಳ್ಳೋಕೆ ಆಗ್ಲಿಲ್ಲ, ಅದಕ್ಕೇ ನಿಮ್ಮನ್ನ ಬೈದೆ. ತಪ್ಪಾಯ್ತು ರೀ... ನೀವು ಫೋನ್ ಮಾಡದೇ ಇದ್ದ ದಿನ ನನಗೆ ಊಟ ಸೇರ್ಲಿಲ್ಲ."

ಅವಳು ಮೂರನೇ ಮೇಜಿನ ಮೇಲೆ ಕೈಯಿಟ್ಟಳು.

"ಏರಿಳಿಯೋ ಮೇಜೇ ಇರ್ಲಿ," ಎಂದಳು ಕಣ್ಣೊರೆಸಿಕೊಂಡು. "ನಾವಿಬ್ರೂ ಜೊತೇಲಿರ್ಬೇಕಾದ್ರೆ ಬೇರೆ ಯಾವುದೂ ಆಗಲ್ಲ."

"ಜೊತೇಲಿ ಅಂದ್ರೆ... ಆಫೀಸಲ್ಲಾ?"

"ದಡ್ಡ! ಆಫೀಸಲ್ಲಿ ನಿಮ್ಮದು ಮಧ್ಯಾಹ್ನದ ಪಾಳಿ, ನನ್ನದು ಬೆಳಗಿಂದು. ಅಲ್ಲೆಲ್ಲಿ ಜೊತೆ?"

ಅವನ ಮುಖ ಅರಳಿತು. ಮರುಕ್ಷಣವೇ ಅಳುಕು ಮರಳಿತು. "ಕೈ... ನಿಜವಾಗ್ಲೂ ಸರಿಹೋಯ್ತಾ?"

ಅವಳು ಬಲಗೈ ಚಾಚಿದಳು. ಅವನು ಮುಟ್ಟಲೋ ಬೇಡವೋ ಎಂಬಂತೆ ಅವಳ ಹೆಬ್ಬೆರಳ ತುದಿಯನ್ನು ಹಿಡಿದ.

"ಗೊತ್ತಾಗ್ತಿದ್ಯಾ?"

"ಗೊತ್ತಾಗ್ತಿದೆ... ನಿನ್ನ ಕೈ ನಡುಗ್ತಿದೆ."

"ಬಿಡ್ಲಾ?"

"ಬಿಡ್ಬೇಡ."