ಗುಡ್ಡದ ಉಸಿರು

"ಕೈ ಇಡು, ಕೈ ಇಡು! ಬೆಚ್ಚಗೈತೆ ನೋಡು!"

ಗಂಗಾಮಣಿ ಶಾಲೆಗೆ ಹೋಗುವ ಗುಡ್ಡದ ಕಾಲುದಾರಿಯ ಪಕ್ಕದಲ್ಲಿ ಮಂಡಿಯೂರಿ ಕೂತು ಕೂಗಿದಳು. ಅವಳ ಮುಂದೆ ಬಿಂದಿಗೆ ಬಾಯಿಯಷ್ಟು ಅಗಲದ ಒಂದು ಬಿಲ. ಅದರಿಂದ ತೆಳ್ಳಗೆ ಹಬೆ ಏಳುತ್ತಿತ್ತು.

ಮಸೂದಾ ತಕ್ಷಣ ಕೈ ಇಡಲಿಲ್ಲ. ಮೊದಲು ಸುತ್ತ ನೋಡಿದಳು. ಪೊದೆಯ ಹಿಂದೆ ಯಾರಾದರೂ ಅಡಗಿ ನಗುತ್ತಿದ್ದಾರೋ ಏನೋ! ಹಾಲು ತಂದರೆ ನೀರು ಬೆರೆತಿದೆಯೇ ಎಂದು ನೋಡುವವಳು ಅವಳು. ನಾಳೆ ರಜೆ ಎಂದು ಯಾರಾದರೂ ಹೇಳಿದರೆ, ಮೇಷ್ಟ್ರ ಬಾಯಿಂದಲೇ ಕೇಳುವವರೆಗೆ ನಂಬದವಳು.

ಯಾರೂ ಕಾಣಲಿಲ್ಲ. ಅವಳು ಒಂದು ಜರೀಗಿಡದ ಎಲೆ ಕಿತ್ತು ಬಿಲದ ಮೇಲೆ ಹಿಡಿದಳು. ಗಾಳಿ ಸ್ವಲ್ಪವೂ ಇರಲಿಲ್ಲ. ಆದರೂ ಎಲೆ ಮೇಲಕ್ಕೆ ಪಟಪಟ ಆಡಿತು.

"ಭೂಮ್ತಾಯಿ ಉಸಿರು ಬಿಡ್ತಾವ್ಳೆ ಕಣೇ," ಎಂದಳು ಗಂಗಾಮಣಿ ಮೆಲ್ಲಗೆ. "ಭಾನುವಾರ ಭೂಮಿ ಹುಣ್ಣಿಮೆ. ಭೂಮಿ ಈಗ ಬಸುರಿ ಅಂತೆ. ನಮ್ಮಜ್ಜಿ ಹೇಳ್ತು."

"ಸುಳ್ಳು. ಒಳಗೆ ಯಾರೋ ಬೆಂಕಿ ಹಾಕಿರ್ಬೇಕು."

"ಬಿಲದೊಳಗಾ? ಯಾರು, ಇಲಿನಾ?"

ಮಸೂದಾ ಎಲೆ ಎಸೆದು ಶಾಲೆಯ ಕಡೆ ನಡೆದಳು. ಆದರೆ ಸಂಜೆ ಶಾಲೆ ಬಿಟ್ಟು ಬರುವಾಗ ಅವಳೇ ಮತ್ತೆ ಅಲ್ಲಿ ಕೂತು ಎಲೆ ಹಿಡಿದಳು. ಈಗ ಹಬೆ ಇರಲಿಲ್ಲ. ಎಲೆ ಕೆಳಕ್ಕೆ ಬಾಗಿತು, ಬೆರಳಿನಿಂದ ಜಾರಿತು, ಬಿಲದೊಳಗೆ ಹೋಗಿಬಿಟ್ಟಿತು. ಬೆಳಿಗ್ಗೆ ಹೊರಕ್ಕೆ, ಸಂಜೆ ಒಳಕ್ಕೆ! ಗಂಗಾಮಣಿ ಕೈಮುಗಿದಳು. ಮಸೂದಾಳ ಮೈ ಜುಮ್ಮೆಂದಿತು.

ಅವರಿಬ್ಬರೂ ದೋಣಿಗಲ್ಲಿನ ಶಾಲೆಯಲ್ಲಿ ಐದನೇ ಕ್ಲಾಸು. ಗಂಗಾಮಣಿಯ ಮನೆ ಕಾಫಿ ಎಸ್ಟೇಟಿನ ಕೂಲಿಗಳ ಸಾಲುಮನೆಯಲ್ಲಿ, ಲೈನಿನಲ್ಲಿತ್ತು. ಮಸೂದಾಳದು ಅದರ ಕೆಳಗೆ, ಘಾಟಿ ರಸ್ತೆಯ ಪಕ್ಕದಲ್ಲಿ. ಆ ವರ್ಷ ಗುಡ್ಡದ ಬುಡದಲ್ಲಿ ರೈಲು ದಾರಿಗಾಗಿ ಸುರಂಗ ಕೊರೆಯುತ್ತಿದ್ದರು. ಮಸೂದಾಳ ಅಬ್ಬಾ ಇಸ್ಹಾಕ್ ಅಲ್ಲಿಂದ ಕಲ್ಲು ಸಾಗಿಸುವ ಲಾರಿಯ ಡ್ರೈವರ್. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಕೂಲಿಗಳನ್ನೆಲ್ಲ ಹೊರಗೆ ಕಳಿಸಿ ಸೀಟಿ ಊದುತ್ತಿದ್ದರು. ಆಮೇಲೆ ಮದ್ದು ಸಿಡಿಯುತ್ತಿತ್ತು. ಶಾಲೆಯ ಹೆಂಚುಗಳು ಗಡಗಡ ಎನ್ನುತ್ತಿದ್ದವು.

ಮರುದಿನ ಕ್ಲಾಸಿನಲ್ಲಿ ಮಸೂದಾ ಎದ್ದು ನಿಂತಳು. "ಸಾರ್, ಭೂಮಿಗೆ ಜೀವ ಇದೆಯಾ?"

ಹುಡುಗರು ಗೊಳ್ಳೆಂದು ನಕ್ಕರು. ಸಿದ್ದಬಸಪ್ಪ ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟರು.

"ಇದನ್ನ ಜನ ಸಾವಿರಾರು ವರ್ಷದಿಂದ ಕೇಳ್ತಾನೇ ಇದಾರಮ್ಮ. ನಮ್ಮೋರು ಭೂಮಿತಾಯಿ ಅಂದ್ರು. ಹಳೇ ಗ್ರೀಸ್ ದೇಶದೋರೂ ತಾಯಿ ಅಂತಾನೇ ಪೂಜೆ ಮಾಡಿದ್ರು. ಸುಮಾರು ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಒಬ್ಬ ಚಿತ್ರಗಾರ, ಮಣ್ಣು ಭೂಮಿಯ ಮಾಂಸ, ಬಂಡೆ ಮೂಳೆ, ನೀರು ರಕ್ತ ಅಂತ ಬರೆದಿಟ್ಟ. ಆಮೇಲೆ ಸ್ಕಾಟ್ಲೆಂಡಿನಲ್ಲಿ ಡಾಕ್ಟರಿಕೆ ಓದಿದ ಒಬ್ಬ, ವೈದ್ಯರು ದೇಹ ನೋಡೋ ಹಾಗೆ ಭೂಮೀನ ನೋಡ್ಬೇಕು ಅಂದ."

"ಹಾಗಾದ್ರೆ ನಿಜಾನಾ ಸಾರ್?"

"ಅದೆಲ್ಲ ಇಲ್ಲ, ಭೂಮಿ ಬರೀ ಕಲ್ಲಿನ ಗುಂಡು ಅಂದೋರೂ ಇದಾರೆ. ಪರೀಕ್ಷೆಗೆ ಪುಸ್ತಕದಲ್ಲಿ ಇರೋದನ್ನೇ ಬರಿ."

"ನೀವೇನಂತೀರಿ ಸಾರ್?"

ಮೇಷ್ಟ್ರು ಕಿಟಕಿಯಾಚೆ ಗುಡ್ಡ ನೋಡಿದರು. "ನಾನಾ? ನಾನಿನ್ನೂ ಕೇಳ್ತಾ ಇದೀನಿ."

ಇದೆಂಥ ಉತ್ತರ! ಮಸೂದಾ ಮೂತಿ ತಿರುಗಿಸಿ ಕೂತಳು. ಹಿಂದಿನ ರಾತ್ರಿ ಮನೆಯಲ್ಲಿ ಅಬ್ಬಾನ ತಾಯಿ, ದಾದಿ ಮರಿಯಮ್ ಬೀಯನ್ನು ಕೇಳಿದಾಗ, "ಭೂಮಿಗೆ ಎಲ್ಲಾ ನೆನಪಿರುತ್ತೆ ಬೇಟಿ. ಅದರ ಮೇಲೆ ಯಾರು ಏನು ಮಾಡಿದ್ರು ಅಂತ ಲೋಕದ ಕೊನೇ ದಿನ ಹೇಳುತ್ತೆ," ಎಂದಿದ್ದರು. ಒಬ್ಬೊಬ್ಬರದು ಒಂದೊಂದು ಮಾತು. ನೋಡಿ ಬಂದವರು ಮಾತ್ರ ಯಾರೂ ಇಲ್ಲ.

ಅದೇ ದಿನ ಸಂಜೆ ಗುಡ್ಡದ ದಾರಿಯಲ್ಲಿ ಮುಳ್ಳು ಬಿದ್ದಿತ್ತು. ಈ ಕಡೆಗೊಂದು, ಆ ಕಡೆಗೊಂದು, ದೊಡ್ಡ ದೊಡ್ಡ ಹೊರೆ. ಬಿಲದ ಸುತ್ತ ಗೂಟ ನೆಟ್ಟು ದಾರ ಕಟ್ಟಲಾಗಿತ್ತು. ದಾರದಾಚೆ ಒಬ್ಬ ಮುದುಕ ನೆಲಕ್ಕೆ ಕಿವಿಯಿಟ್ಟು ಮಲಗಿದ್ದ. ಪಕ್ಕದಲ್ಲಿ ಹಾರೆ, ಒಂದು ಗೋಣಿಚೀಲ.

"ಬಾವಿ ಕುಳ್ಳಯ್ಯ!" ಎಂದು ಗಂಗಾಮಣಿ ಪಿಸುಗುಟ್ಟಿದಳು. "ಹೆಗ್ಗದ್ದೆ ಕಡೆಯೋನು, ಬಾವಿ ತೋಡ್ತಾನೆ. ಸುರಂಗದ ಕೆಲ್ಸಕ್ಕೆ ಹೋಗಿದ್ನಂತೆ, ಮೇಸ್ತ್ರಿ ಓಡಿಸ್ಬುಟ್ರಂತೆ."

ಕುಳ್ಳಯ್ಯ ತಲೆಯೆತ್ತಿದ. "ಏಯ್, ಯಾರದು? ಈ ಕಡೆ ಬರ್ಬ್ಯಾಡಿ. ರಸ್ತೆ ಮ್ಯಾಲೆ ಹೋಗಿ!"

"ಯಾಕೆ?" ಎಂದಳು ಮಸೂದಾ.

"ಯಾಕೆ ಅಂದ್ರೆ? ಹೋಗಿ ಅಂದ್ರೆ ಹೋಗ್ಬೇಕು!" ಅವನು ಹಾರೆ ಎತ್ತಿಕೊಂಡು ಎದ್ದ. ಹುಡುಗಿಯರು ಓಟ ಕಿತ್ತರು.

ರಸ್ತೆಯ ದಾರಿ ಸುತ್ತು. ಎರಡು ಮೈಲಿ ನಡೆಯುವಷ್ಟು ಹೊತ್ತೂ ಮಸೂದಾ ಯೋಚಿಸಿದಳು. ಕೆಲಸದಿಂದ ಓಡಿಸಿದ್ದೇಕೆ? ಚೀಲದಲ್ಲಿ ಏನಿದೆ? ಕಾರಣ ಹೇಳದೆ ಗದರಿಸಿದ್ದೇಕೆ? ಲೆಕ್ಕಕ್ಕೆ ಉತ್ತರ ಸಿಕ್ಕಂತೆ ಎಲ್ಲ ಸರಿಹೋಯಿತು.

"ಅವನು ಕಳ್ಳ ಕಣೇ. ಸುರಂಗದ ಮದ್ದು ಕದ್ದು ಬಿಲದೊಳಗೆ ಬಚ್ಚಿಟ್ಟಿದಾನೆ. ಅದಕ್ಕೇ ನಮ್ಮನ್ನ ಬಿಡಲ್ಲ."

ಶನಿವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ಇಡೀ ಶಾಲೆಗೆ ಆ ಸುದ್ದಿ ಗೊತ್ತಾಗಿತ್ತು. ಹೇಳಿದವಳು ಮಸೂದಾ. ಅಂದು ಅರ್ಧ ದಿನದ ಶಾಲೆ. ಬೆಲ್ ಹೊಡೆದ ಕೂಡಲೇ ಅವಳು ಒಬ್ಬಳೇ ಗುಡ್ಡ ಹತ್ತಿದಳು. ನೋಡದೆ ಬಿಡುವ ಹುಡುಗಿಯಲ್ಲ ಅವಳು.

ಕುಳ್ಳಯ್ಯ ಕಾಣಲಿಲ್ಲ. ಮಸೂದಾ ಲಂಗ ಎತ್ತಿ ಹಿಡಿದು ಮುಳ್ಳು ದಾಟಿದಳು. ದಾರದ ಕೆಳಗೆ ನುಸುಳಿ ಬಿಲದೊಳಗೆ ಇಣುಕಿದಳು. ಬರೀ ಕತ್ತಲೆ. ಕೈ ಹಾಕಿದಳು. ಚೀಲವಿಲ್ಲ, ಮದ್ದಿಲ್ಲ, ಕೈಗೆ ಏನೂ ತಾಕಲಿಲ್ಲ. ಒಂದು ಕಲ್ಲು ಹಾಕಿದಳು. ಅದು ಉರುಳುತ್ತಾ ಉರುಳುತ್ತಾ ಹೋದ ಸದ್ದು ಎಷ್ಟು ಹೊತ್ತಾದರೂ ನಿಲ್ಲಲೇ ಇಲ್ಲ.

ಅಷ್ಟರಲ್ಲಿ ಕೆಳಗೆ ಎಲ್ಲೋ ಸೀಟಿ ಕೇಳಿಸಿತು. ನೆಲ ಒಮ್ಮೆ ಅದುರಿತು. ಧಡ್!

ಬಿಲ ಕೆಮ್ಮಿದಂತೆ ಒಂದು ಬುಗ್ಗೆ ಗಾಳಿ ಅವಳ ಮುಖಕ್ಕೆ ರಾಚಿತು. ಅದರಲ್ಲೊಂದು ವಾಸನೆ. ಕಮಟು, ಖಾರ, ಗಂಟಲು ಹಿಡಿಯುವಂಥದ್ದು. ಎಲ್ಲಿಯ ವಾಸನೆ ಇದು? ಥಟ್ಟನೆ ಗೊತ್ತಾಯಿತು. ಸುರಂಗದಿಂದ ಬಂದ ಅಬ್ಬಾನ ಅಂಗಿ ದಿನಾ ಹೀಗೇ ನಾರುತ್ತಿತ್ತು. ಸಿಡಿಮದ್ದಿನ ಹೊಗೆ!

"ಅಲ್ಲೇ ನಿಲ್ಲು ಮಗಾ! ಓಡ್ಬ್ಯಾಡ!"

ಮುಳ್ಳಿನಾಚೆ ಕುಳ್ಳಯ್ಯ ನಿಂತಿದ್ದ. ಮಸೂದಾಳ ಕಾಲುಗಳು ಓಡು ಎಂದವು. ಈ ಮುದುಕನಿಂದ ಆದಷ್ಟು ದೂರ ಓಡು!

"ಮಲಕ್ಕೋ. ಹೊಟ್ಟೆ ಮ್ಯಾಲೆ ತೆವಳ್ಕೊಂಡು ಬಾ. ಕಾಲೂರ್ಬ್ಯಾಡ."

ಇವನನ್ನು ನಂಬುವುದೇ? ಅವಳು ಸುತ್ತ ನೋಡಿದಳು. ಈಗಷ್ಟೇ ತಾನು ನುಸುಳಿ ಬಂದ ದಾರ ತುಂಡಾಗಿ ಬಿದ್ದಿತ್ತು. ಅವಳು ಅದನ್ನು ಮುಟ್ಟಿರಲಿಲ್ಲ. ಗೂಟಗಳು ದೂರ ಸರಿದು, ನಡುವೆ ನೆಲದಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಕುಳ್ಳಯ್ಯನ ಮುಖ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಕಣ್ಣು ಬಿರುಕಿನ ಮೇಲೇ ಇಟ್ಟು ಅವನು ಗೋಣಿಚೀಲದಿಂದ ಹಗ್ಗ ಎಳೆಯುತ್ತಿದ್ದ.

ಮಸೂದಾ ಮಲಗಿದಳು, ತೆವಳಿದಳು. ಅವನು ಎಸೆದ ಹಗ್ಗದ ತುದಿ ಹಿಡಿದಳು. ಮುಳ್ಳಿನ ಈಚೆ ಬಂದ ಮೇಲೆಯೇ ಇಬ್ಬರೂ ಉಸಿರು ಬಿಟ್ಟರು.

"ಒಳಗೆಲ್ಲ ಟೊಳ್ಳು ಮಗಾ," ಎಂದ ಕುಳ್ಳಯ್ಯ. "ಮಳೆ ನೀರು ಒಳಗೊಳಗೇ ಮಣ್ಣು ಕೊಚ್ಕೊಂಡು ಹೋಗೈತೆ. ಮೂವತ್ತು ವರ್ಸ ಬಾವಿ ತೋಡಿದ ಕಿವಿ ಇದು, ಬಡಿದ್ರೆ ಗೊತ್ತಾಗ್ತೈತೆ. ಈ ಟೊಳ್ಳು ಸುರಂಗದ ಗಂಟ ಐತೆ ಅಂತ ಮೂರು ಸಲ ಹೇಳ್ದೆ. ಮೇಸ್ತ್ರಿ ನಕ್ಬುಟ್ಟ. ಏನ್ ಸಾಕ್ಷಿ ಅಂದ."

"ವಾಸ್ನೆ ಬಂತಲ್ಲ! ಮದ್ದಿನ ಹೊಗೆ!"

"ವಾಸ್ನೆನಾ?" ಅವನು ಅವಳನ್ನೇ ನೋಡಿದ. "ನಂಗೆ ಮೂಗೇ ಇಲ್ಲ ಕಣವ್ವ. ಕಲ್ಲಿನ ಧೂಳು ಕುಡ್ದು ಕುಡ್ದು ಸತ್ತೋಗೈತೆ. ನಿಜವಾಗ್ಲೂ ಬಂತಾ?"

"ಹೂಂ. ಅಬ್ಬಾನ ಅಂಗಿ ಥರಾನೇ. ಆದ್ರೆ ನಿನ್ನೇನೇ ನಮಗೆ ಯಾಕೆ ಹೇಳ್ಲಿಲ್ಲ?"

"ದೊಡ್ಡೋರೇ ನಗ್ತಾರೆ. ಮಕ್ಳು ಕೇಳ್ತಾವಾ ಅಂದ್ಕೊಂಡೆ," ಎಂದು ಕುಳ್ಳಯ್ಯ ಹಗ್ಗ ಸುತ್ತತೊಡಗಿದ.

ಸಂಜೆ ಇಸ್ಹಾಕ್ ಮಗಳ ಮಾತನ್ನು ಎರಡು ಸಲ ಹೇಳಿಸಿ ಕೇಳಿದ. ಮುಳ್ಳು ದಾಟಿದ್ದಕ್ಕೆ ಬೈದ. ಆಮೇಲೆ ಇಂಜಿನಿಯರ್ ಬಿಡಾರಕ್ಕೆ ಹೋಗಿ ಬಂದ. ಅವರು ಹಾಸನಕ್ಕೆ ಹೋಗಿದ್ದಾರಂತೆ, ಸೋಮವಾರ ಬೆಳಿಗ್ಗೆ ಬರುತ್ತಾರಂತೆ.

"ನಾಳೆ ಭಾನುವಾರ, ಮದ್ದು ಸಿಡಿಸಲ್ಲ. ಹೆದರ್ಬೇಡ," ಎಂದ.

ಆದರೆ ಭಾನುವಾರ ಬೆಳಗಾಗುತ್ತಲೇ ಗಂಗಾಮಣಿ ಹಾರುತ್ತಾ ಬಂದಳು. "ಬಾರೇ! ಲೈನಿನೋರೆಲ್ಲ ಗುಡ್ಡಕ್ಕೆ ಹೊಂಟವ್ರೆ. ಭೂಮ್ತಾಯಿ ಉಸಿರಾಡೋ ಜಾಗದಲ್ಲೇ ಎಡೆ ಇಡ್ಬೇಕು ಅಂತ ನಮ್ಮಜ್ಜಿ ಹೇಳ್ಬುಡ್ತು!"

ಮಸೂದಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು.

ಇಪ್ಪತ್ತು ಮೂವತ್ತು ಹೆಂಗಸರು, ಕಂಕುಳಲ್ಲಿ ಮಕ್ಕಳು, ತಲೆಯ ಮೇಲೆ ಬುಟ್ಟಿಗಳು. ಬಸುರಿ ಭೂಮಿಯ ಬಯಕೆ ತೀರಿಸಲು ಕಡುಬು, ಸೊಪ್ಪಿನ ಪಲ್ಯ, ಕುಂಬಳಕಾಯಿ ಹುಳಿ. ಎದುರಿಗೆ ಕುಳ್ಳಯ್ಯ ಕೈ ಅಗಲಿಸಿ ನಿಂತಿದ್ದ.

"ಕುಸೀತೈತೆ ಕಣ್ರವ್ವ! ಹೋಗ್ಬ್ಯಾಡಿ!"

"ಭೂಮ್ತಾಯಿ ಬಾಯಿಗೆ ಮುಳ್ಳು ಹಾಕ್ದೋನು ನೀನು!" ಗಂಗಾಮಣಿಯ ಅಜ್ಜಿ ಹುಲಿಯಮ್ಮ ಗದರಿದಳು. "ಕಳ್ಳ ಅಂತ ಮಕ್ಳೇ ಹೇಳ್ತಾವೆ. ಸರಿ ಪಕ್ಕಕ್ಕೆ!"

ಇಬ್ಬರು ಹೆಂಗಸರು ಆಗಲೇ ಮುಳ್ಳಿನ ಹೊರೆ ಎಳೆಯುತ್ತಿದ್ದರು. ಟೊಳ್ಳು, ಸುರಂಗ, ಹೊಗೆಯ ವಾಸನೆ, ಇದನ್ನೆಲ್ಲ ಹೇಳುತ್ತಾ ಕೂರಲು ಹೊತ್ತೆಲ್ಲಿದೆ? ಹೇಳಿದರೂ ಈ ಅಜ್ಜಿ ಕೇಳುತ್ತಾಳೆಯೇ? ಮಸೂದಾ ಹುಲಿಯಮ್ಮನ ಸೆರಗು ಹಿಡಿದಳು.

"ಅಜ್ಜಿ, ಭೂಮಿ ಬಸುರಿ ಅಲ್ವಾ?"

"ಹೂಂ ಕಣೇ."

"ಬಸುರಿ ಹೊಟ್ಟೆ ಮೇಲೆ ಯಾರಾದ್ರೂ ಹತ್ತಿ ನಿಲ್ತಾರಾ?"

ಹುಲಿಯಮ್ಮ ನಿಂತಳು. ಅವಳು ಲೈನಿನ ಸೂಲಗಿತ್ತಿ. ನೂರಾರು ಹೆರಿಗೆ ಮಾಡಿಸಿದ ಕೈ ಅವಳದು. ಅವಳ ಕಣ್ಣು ಮುಳ್ಳಿನಾಚೆ ಹೋಯಿತು. ರಾತ್ರಿ ಕಳೆಯುವುದರೊಳಗೆ ಬಿರುಕು ಗೇಣಗಲ ಆಗಿತ್ತು. ನಡುವಿನ ನೆಲ ಸ್ವಲ್ಪ ತಗ್ಗಿ, ಹುಲ್ಲು ಒಂದು ಕಡೆಗೆ ವಾಲಿತ್ತು.

ಅವಳು ತಲೆಯ ಮೇಲಿನ ಬುಟ್ಟಿ ಇಳಿಸಿ ಕುಳ್ಳಯ್ಯನ ಕೈಗೆ ಕೊಟ್ಟಳು. "ಎಲ್ಲಿ ಇಡ್ಲಿ ಹೇಳಪ್ಪ. ಆಯಮ್ಮಂಗೆ ನೋವಾಗ್ದಿರೋ ಜಾಗ ತೋರ್ಸು."

ಎಲ್ಲರೂ ಇಳಿದು ಕೆಳಗಿನ ಬಂಡೆಯ ಮೇಲೆ ಎಡೆ ಇಟ್ಟರು. ಪೂಜೆ ಮುಗಿದು, ಎಲೆಗೆ ಕಡುಬು ಬೀಳುವ ಹೊತ್ತಿಗೆ ಮೇಲೆ ದೊಡ್ಡದೊಂದು ನಿಟ್ಟುಸಿರಿನಂಥ ಸದ್ದಾಯಿತು. ಹಕ್ಕಿಗಳೆಲ್ಲ ಹಾರಿದವು. ಹೋಗಿ ನೋಡಿದರೆ ಕಾಲುದಾರಿಯೂ ಇಲ್ಲ, ಬಿಲವೂ ಇಲ್ಲ. ಲಾರಿ ಮುಳುಗುವಷ್ಟು ದೊಡ್ಡ ಕೆಂಪು ಗುಂಡಿ. ಮಗು ಎತ್ತಿಕೊಂಡ ಹೆಂಗಸರು ತಮ್ಮ ಮಕ್ಕಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಸೋಮವಾರ ಇಂಜಿನಿಯರ್ ಬಂದರು. ಗುಂಡಿ ನೋಡಿದರು. ಮಸೂದಾಳನ್ನು ಕರೆಸಿ ವಾಸನೆಯ ಮಾತು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಕೆಲಸ ನಿಲ್ಲಿಸಿ, ಮೊದಲು ಗುಡ್ಡವನ್ನೆಲ್ಲ ಬಡಿದು ನೋಡಲು ಕುಳ್ಳಯ್ಯನನ್ನೇ ಕರೆದರು.

ಆ ವಾರ ಒಂದು ಸಂಜೆ ಅವನು ಹೊಸ ಜಾಗದಲ್ಲಿ ನೆಲಕ್ಕೆ ಕಿವಿಯಿಟ್ಟು ಮಲಗಿದ್ದ. ಮಸೂದಾಳೂ ಪಕ್ಕದಲ್ಲಿ ಮಲಗಿದಳು.

"ಏನ್ ಕೇಳ್ಸುತ್ತೆ ತಾತ?"

"ಸುಮ್ಕಿರು. ಮಾತಾಡಿದ್ರೆ ನಿನ್ ಮಾತೇ ಕೇಳ್ಸೋದು."

ಅವಳು ಸುಮ್ಮನಾದಳು. ಮಣ್ಣು ತಣ್ಣಗಿತ್ತು. ಎಲ್ಲೋ ಆಳದಲ್ಲಿ ನೀರು ಹರಿದಂತೆ ಸಣ್ಣ ಸದ್ದು. ಅಥವಾ ತನ್ನದೇ ಕಿವಿಯೊಳಗಿನ ರಕ್ತವೋ? ಯಾವುದೆಂದು ತಿಳಿಯಲಿಲ್ಲ. ತಿಳಿಯದಿದ್ದರೂ ಯಾಕೋ ಎದ್ದು ಹೋಗಬೇಕೆನಿಸಲಿಲ್ಲ.

ರಸ್ತೆಯ ಕಡೆಯಿಂದ ಶಾಲೆಯ ಹುಡುಗರು ಕೂಗಿದರು. "ಏಯ್ ಮಸೂದಾ! ಆ ಕಳ್ಳನ ಜೊತೆ ಏನ್ ಮಾಡ್ತಿದೀಯೇ? ಗುಂಡಿ ಬೀಳಿಸಿದ್ದೂ ಅವನೇ ಅಂತೆ!"

ಕುಳ್ಳಯ್ಯ ಕಣ್ಣು ತೆರೆಯಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವಳು ನೋಡಿದಳು. ಕೇಳಿಸಿತ್ತು. ಭೂಮಿಯೊಳಗಿನದು ಕೇಳಿಸುವ ಕಿವಿಗೆ ಇದು ಕೇಳಿಸದೆ ಇರುತ್ತದೆಯೇ? ನೆಲಕ್ಕೂರಿದ್ದ ಅವನ ಬೆರಳುಗಳು ಮೆಲ್ಲಗೆ ಮುದುರಿಕೊಂಡವು.

ಆ ಮಾತನ್ನು ಶಾಲೆಗೆಲ್ಲ ಹಂಚಿದ್ದು ಯಾರೆಂದು ಮಸೂದಾಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿತ್ತೋ ಇಲ್ಲವೋ.

ಅವಳು ಎದ್ದಳು. ಕೆನ್ನೆಯ ಮಣ್ಣನ್ನೂ ಒರೆಸಿಕೊಳ್ಳದೆ ಹುಡುಗರ ಕಡೆಗೆ ನಡೆದಳು.